ಎರಡನೆಯ ದಶಮಿ

ಬೆಳಗಿನಿಂದ ಇದೇ ತಾಮ್ರದ ತಂಬಿಗೆಯನ್ನು ಮೂರನೆಯ ಸಲ ತಿಕ್ಕುತ್ತಿದ್ದೇನೆ. ಬೆರಳಿಗೆಲ್ಲ ಹುಣಸೆಹಣ್ಣಿನ ವಾಸನೆ ಹತ್ತಿದೆ. ಮೊದಲನೆಯ ಸಲಕ್ಕೇ ಅದು ಫಳಫಳ ಹೊಳೆಯಿತು, ಆದರೂ ಕೈ ಸುಮ್ಮನಿರಲೊಲ್ಲದು. ಮಧ್ಯಾಹ್ನ ಮಸರಕಲ್ಲಿನಿಂದ ಸುಜಾತಾ ಬರುತ್ತಿದ್ದಾಳೆ, ಈ ಸಲ ತಾಯಿಯನ್ನೂ ಕರೆದುಕೊಂಡು. ತಾಯಿಗೆ ಇಲ್ಲಿ ರಾಯಚೂರಿನಲ್ಲಿ ಕಣ್ಣು ತೋರಿಸುವುದಿದೆಯಂತೆ. "ಹಂಗ ನಿಮ್ಮನಿಗಿ ಬಂದು ಒಂದ್ ತಾಸು ಕುಂತು ಹೋಗ್ತೀವ್ರಿ ಅಮ್ಮಾರ" ಎಂದು ನಿನ್ನೆ ಫೋನು ಮಾಡಿದ್ದಳು. ಆ ಒಂದು ತಾಸಿನೊಳಗೆ ನಾನು ಒಂದು ಮಾತು ಹೇಳಿಬಿಡಬೇಕು. ಎರಡು ವರ್ಷದಿಂದ ಒಳಗಿಟ್ಟುಕೊಂಡ ಮಾತು. ಅದು ಏನೆಂದು ತಿಳಿಯಬೇಕಾದರೆ ನಿಮಗೆ ಮೊದಲು ಸುಜಾತಾ ಗೊತ್ತಾಗಬೇಕು. ನನಗಂತೂ ಒಂದು ಕಡೆ ಕೂಡಲಾಗುತ್ತಿಲ್ಲ, ನಡುನಡುವೆ ಬಂದು ಬರೆಯುತ್ತಿದ್ದೇನೆ, ನೀವಾದರೂ ಕೂತು ಓದಿ.

ಸುಜಾತಾ ನಮ್ಮ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದವಳು. ಇಲ್ಲಿಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದಳು. ನಮ್ಮ ಓಣಿಯ ಹಿಂದೆಯೇ ರೈಸ್ ಮಿಲ್ಲು. ಮಹಡಿಯ ಮೇಲೆ ಒಣಹಾಕಿದ ಬಟ್ಟೆಗೆಲ್ಲ ಹೊಟ್ಟಿನ ಧೂಳು ಕೂರುತ್ತದೆ. ಹಿಂದಿನ ಬಾಡಿಗೆಯವರೆಲ್ಲ ಅದಕ್ಕೇ ಬಿಟ್ಟುಹೋದರು. ಇವಳು ಮಾತ್ರ, "ನಮ್ಮ ಹೊಲದಾಗ ಇದಕ್ಕಿಂತ ಜಾಸ್ತಿ ಇರ್ತದ ಬಿಡ್ರಿ" ಎಂದು ಒಂದು ಸಲ ಝಾಡಿಸಿ ಉಟ್ಟುಕೊಂಡು ಹೋಗುತ್ತಿದ್ದಳು. ಅಂಥ ಬಾಡಿಗೆಯವಳು ಸಿಕ್ಕಿದ್ದೂ ರಾಯರ ದಯೆ ಎಂದೇ ನಾನು ನೆನೆಯುತ್ತೇನೆ.

ಸಂಜೆ ಕಾಲೇಜಿನಿಂದ ಬಂದರೆ ಲ್ಯಾಪ್‌ಟಾಪು ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲಿನ ಹೊರಗೆ ಕೂರುವಳು. ನಾನು ಒಳಗೆ ಹೂಬತ್ತಿ ಹೊಸೆಯುತ್ತ ಕೂರುವೆ. ಒಳಗೆ ಬಾ ಎಂದು ನಾನು ಕರೆಯಲಿಲ್ಲ. ಬರಲೇನು ಎಂದು ಅವಳೂ ಕೇಳಲಿಲ್ಲ. ಅದರ ಬಗ್ಗೆ ಆಗ ನಾನು ಯೋಚಿಸಿಯೂ ಇರಲಿಲ್ಲ ಎನ್ನುವುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ.

ಅವಳು ಆಗ ಹ್ಯಾಸ್ಕೆಲ್ ಎಂಬುದನ್ನು ಕಲಿಯುತ್ತಿದ್ದಳು. ಹೆಸರು ಕೇಳಿ ನಾನು ಕೆಮ್ಮಿನ ಔಷಧ ಅಂದುಕೊಂಡಿದ್ದೆ. ಅದು ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆಯಂತೆ. ಉಳಿದ ಭಾಷೆಗಳಿಗಿಂತ ಅದರದು ಕಟ್ಟುನಿಟ್ಟು ಜಾಸ್ತಿ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಅಕ್ಕಿ ಎಂದು ಬರೆದು, ಒಂದು ಬಾಣ ಎಳೆದು, ಆಚೆ ಅನ್ನ ಎಂದು ಬರೆದು ತೋರಿಸಿದಳು. "ಅಕ್ಕಿ ಕೊಟ್ರ ಅನ್ನ ಕೊಡಬೇಕ್ರಿ. ಇವತ್ತ ಕೊಟ್ರೂ ಅದ, ನಾಳಿ ಕೊಟ್ರೂ ಅದ. ನಡುವ ಹೊರಗಿಂದ ಏನೂ ತಗೊಳ್ಳಂಗಿಲ್ಲ. ತಗೊಂಡ್ರ, ತಗೊಂಡೀನಿ ಅಂತ ಈ ಬಾಣದ ಮುಂದನ ಬರೀಬೇಕು."

"ನನ್ನ ಅನ್ನ ದಿನಾ ಒಂದ್ ನಮೂನಿ ಆಗ್ತದಲ್ಲ?" ಎಂದೆ.

"ನೀವು ಹ್ಯಾಸ್ಕೆಲ್ ಅಲ್ರಿ ಅಮ್ಮಾರ" ಎಂದು ನಕ್ಕಳು.

ಆ ಭಾಷೆ ಬಲ್ಲವರೆಲ್ಲ ಸೇರುವ ಒಂದು ಜಾಗ ಇಂಟರ್ನೆಟ್ಟಿನಲ್ಲಿದೆ. ಯಾವ ಯಾವ ದೇಶದವರೋ ಪ್ರಶ್ನೆ ಕೇಳುತ್ತಾರೆ, ಯಾರೋ ಪುಣ್ಯಾತ್ಮರು ಉತ್ತರ ಬರೆಯುತ್ತಾರೆ. ಸುಜಾತಾ ಅವನ್ನು ಓದಿ ಕನ್ನಡದಲ್ಲಿ ಹೇಳುವಳು. ಹಳೆಯ ಕಂಪ್ಯೂಟರಿನಲ್ಲಿ ಇದನ್ನು ಹೇಗೆ ಹಾಕಿಕೊಳ್ಳುವುದು ಎಂದು ಒಬ್ಬನ ಪ್ರಶ್ನೆ. ಇದರಿಂದ ನಿಜವಾದ ಕೆಲಸ ಆಗುತ್ತದೋ ಇಲ್ಲ ಪ್ರೊಫೆಸರುಗಳ ಆಟವೋ ಎಂದು ಇನ್ನೊಬ್ಬಳ ಪ್ರಶ್ನೆ. ಎರಡು ಸಾಲು ಬರೆದರೆ ಇಪ್ಪತ್ತು ಸಾಲಿನ ತಪ್ಪು ತೋರಿಸುತ್ತದೆ, ಓದುವುದು ಎಲ್ಲಿಂದ ಎಂದು ಮತ್ತೊಬ್ಬನ ಗೋಳು. ಕೆಲವು ಸಲ ಸಣ್ಣ ಪ್ರಶ್ನೆಗೆ ದೊಡ್ಡ ವಾದ ಹತ್ತಿ ಮೂರು ದಿನ ನಡೆಯುತ್ತಿತ್ತು. ಮಠದಲ್ಲಿ ಪಂಡಿತರು ವಾದಕ್ಕೆ ಕೂತ ಹಾಗೆ, ಯಾರೂ ಸೋಲುತ್ತಿರಲಿಲ್ಲ, ಯಾರೂ ಎದ್ದು ಹೋಗುತ್ತಲೂ ಇರಲಿಲ್ಲ. ಧಾರಾವಾಹಿಯಂತೆ ನಾನು ಮರುದಿನ ಕೇಳುವೆ: "ನಿನ್ನಿ ಜಗಳ ಏನಾತು?" ಅಲ್ಲಿ ಹೆಸರಿನ ಪಕ್ಕ ಗೂಬೆಯ ಚಿತ್ರ ಹಾಕಿಕೊಂಡ ಒಬ್ಬರು ಇದ್ದರು. ಎಂಥ ದಡ್ಡ ಪ್ರಶ್ನೆಗೂ ಸಿಟ್ಟಾಗದೆ ಉತ್ತರ ಕೊಡುವವರು. ಅವರಿಗೆ ನಾನು ಗೂಬೆ ಆಚಾರ್ಯರು ಎಂದು ಹೆಸರಿಟ್ಟಿದ್ದೆ.

ಸುಜಾತಾ ಮಾತ್ರ ಒಂದು ಪ್ರಶ್ನೆಯನ್ನೂ ಕೇಳಿದವಳಲ್ಲ. "ಅಲ್ಲಿರೋವ್ರೆಲ್ಲ ಶಾಣ್ಯಾರ್ರಿ. ನಾ ಕೇಳಿದ್ರ, ಇಕಿ ಹೆಂಗ ಮೇಡಂ ಆದ್ಳು ಅಂತ ನಗತಾರ."

"ನಗೋರಿಗೆ ಹಲ್ಲು ಅವ, ನಗಲಿ ಬಿಡು. ನಿನಗ ಉತ್ತರ ಬೇಕೋ ಮರ್ಯಾದಿ ಬೇಕೋ?"

"ಎರಡೂ ಬೇಕ್ರಿ" ಎನ್ನುವಳು. ಆಗ ನಗು ಇರುತ್ತಿರಲಿಲ್ಲ ಅವಳ ಮುಖದಲ್ಲಿ.

ಕಲಿಕೆಗೆ ಒಂದು ಕೆಲಸ ಬೇಕಲ್ಲ. "ನಿಮಗ ಏನಾದ್ರೂ ಮಾಡಿಕೊಡ್ತೀನಿ, ಹೇಳ್ರಿ" ಎಂದಳು. ನನಗೆ ಬೇಕಾದದ್ದು ಒಂದೇ: ಇಂದು ಯಾವ ತಿಥಿ. ಪಂಚಾಂಗದ ಅಕ್ಷರ ಸಣ್ಣದು, ನನ್ನ ಕಣ್ಣೂ ಸಣ್ಣದಾಗಿದೆ. ವಾರಗಟ್ಟಲೆ ನಾನು ಪಂಚಾಂಗ ಓದಿದೆ, ಅವಳು ಟೈಪು ಮಾಡಿದಳು. ಕೊನೆಗೆ ಪಡಸಾಲೆಯಲ್ಲಿದ್ದ ನಮ್ಮ ಹಳೆಯ ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಅಂದಿನ ತಿಥಿ ದಪ್ಪ ಕನ್ನಡ ಅಕ್ಷರದಲ್ಲಿ ಬರುವಂತಾಯಿತು. "ದಶಮಿ" ಎಂದು ಬಂತು. ಪಂಚಾಂಗ ತೆಗೆದು ನೋಡಿದೆ, ದಶಮಿಯೇ. ಎದುರುಮನೆಯ ರಾಧಾಬಾಯಿಯನ್ನು ಕರೆದು ತೋರಿಸಿದೆ. ಮೊಳೆಗೆ ತೂಗುಹಾಕಿದ್ದ ಪಂಚಾಂಗವನ್ನು ತೆಗೆದು ಕಪಾಟಿನೊಳಗೆ ಇಟ್ಟುಬಿಟ್ಟೆ. ಅಹಂಕಾರ ನೋಡಿ!

ಮರುದಿನ ಬೆಳಗ್ಗೆ ಗುಂಡಿ ಒತ್ತಿದೆ. ದಶಮಿ.

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಅನುಮಾನ ಬರುತ್ತಿತ್ತು. ನನಗೆ ಬರಲಿಲ್ಲ, ಏಕೆಂದರೆ ನನಗೆ ಪಂಚಾಂಗ ಗೊತ್ತು. ಕೆಲವು ಸಲ ಒಂದೇ ತಿಥಿ ಎರಡು ಸೂರ್ಯೋದಯಕ್ಕೆ ಇರುತ್ತದೆ, ಎರಡು ದಶಮಿ ಬರುವುದುಂಟು. ಏನೂ ತಿಳಿಯದವಳು ಪಾರಾಗುತ್ತಿದ್ದಳು, ಅರ್ಧ ತಿಳಿದ ನಾನು ಸಿಕ್ಕಿಬಿದ್ದೆ. ನಮ್ಮವರು ಮಾನ್ವಿಗೆ ಹೋಗಿದ್ದರು, ಹೇಳುವವರೂ ಇರಲಿಲ್ಲ. ದಶಮಿಯ ಒಪ್ಪತ್ತಿನ ಊಟವೆಂದು ಅನ್ನ ಸಾರು ಮಾಡಿ ಮಧ್ಯಾಹ್ನ ತಟ್ಟೆಯ ಮುಂದೆ ಕೂತೆ. ನಾಲ್ಕು ತುತ್ತು ಹೋಗಿರಬೇಕು, ರಾಧಾಬಾಯಿ ಬಾಗಿಲಲ್ಲಿ ಬಂದು ನಿಂತಳು.

"ಏನ್ರೀ ಇದು, ಸಾರಿನ ವಾಸನಿ ಬರ್ಲಿಕ್ಹತ್ತದ? ಇವತ್ತ ಏಕಾದಶಿ!"

ಮದುವೆಯಾದಾಗಿನಿಂದ ಒಂದೂ ಏಕಾದಶಿ ಬಿಟ್ಟವಳಲ್ಲ ನಾನು. ಜ್ವರ ಬಂದಾಗಲೂ ಬಿಡಲಿಲ್ಲ. ಕೈಯಲ್ಲಿದ್ದ ತುತ್ತು ಬಾಯಿಗೂ ಹೋಗದೆ ತಟ್ಟೆಗೂ ಬೀಳದೆ ಅಲ್ಲೇ ನಿಂತಿತು. ಎರಡನೆಯ ಸಲ ಬಡಿಸಿಕೊಂಡಿರಲಿಲ್ಲ, ಅಷ್ಟೇ ಪುಣ್ಯ. ಸಂಜೆ ಸುಜಾತಾ ಬಂದಳೋ ಇಲ್ಲವೋ, ಚಪ್ಪಲಿ ಬಿಡುವ ಮೊದಲೇ ಹರಿಹಾಯ್ದೆ. ಅನ್ನಬಾರದ ಒಂದು ಮಾತು ಅಂದೆ: "ನಮ್ಮ ಆಚಾರ ನಿಮ್ಮಂಥೋರಿಗೆ ಏನು ಗೊತ್ತಾಗ್ತದ!"

ಅವಳು ಚಪ್ಪಲಿ ಬಿಟ್ಟಳು. ಕಂಪ್ಯೂಟರಿನ ಮುಂದೆ ಸ್ವಲ್ಪ ಹೊತ್ತು ಕೂತು ನೋಡಿ ಮಹಡಿಗೆ ಹೋದಳು. ಒಂದು ತಾಸಿನ ಮೇಲೆ ಲ್ಯಾಪ್‌ಟಾಪು ಹಿಡಿದು ಇಳಿದು ಬಂದಳು. ಕಣ್ಣು ಕೆಂಪಾಗಿತ್ತು.

"ಕೇಳಿಬಿಟ್ಟೆ ಅಮ್ಮಾರ. ನನ್ನ ಹೆಸರು ಹಾಕೇ ಕೇಳೀನಿ. ನಾ ಮಾಡಿದ ತಪ್ಪಿನಿಂದ ನಮ್ಮ ಮನಿ ಅಮ್ಮಾರ ಉಪಾಸ ಕೆಟ್ಟದ, ಎಲ್ಲಿ ತಪ್ಪೀನಿ ಹೇಳ್ರಿ ಅಂತ."

ಆರು ಜನ ಉತ್ತರ ಬರೆದಿದ್ದರು. ಒಬ್ಬರೂ ನಕ್ಕಿರಲಿಲ್ಲ. ಗೂಬೆ ಆಚಾರ್ಯರು ಮೊದಲ ಸಾಲಿನಲ್ಲಿಯೇ ಕೇಳಿದ್ದರು, ಆ ತಾಯಿ ಈಗ ಹೇಗಿದ್ದಾರೆ ಎಂದು. ಎಲ್ಲಿಯ ಮನುಷ್ಯರೋ, ಏಕಾದಶಿ ಎಂದರೆ ಏನೆಂದು ಅವರಿಗೆ ಯಾರು ಹೇಳಬೇಕು! ನನ್ನ ಸಿಟ್ಟು ಅಲ್ಲೇ ಅರ್ಧ ಇಳಿಯಿತು.

ತಪ್ಪು ಏನೆಂದು ಸುಜಾತಾ ಬಿಡಿಸಿ ಹೇಳಿದಳು. "ಇವತ್ತ ಯಾವ ತಾರೀಖು ಅಂತ ಕಂಪ್ಯೂಟರಿನ ಗಡಿಯಾರ ನೋಡೂದು ಹೊರಗಿನ ಕೆಲಸರಿ. ನೋಡಿದ್ರ ನೋಡೀನಿ ಅಂತ ಬರೀಬೇಕು. ಹಂಗ ಬರದ್ರ, ಅದರಿಂದ ಕೆಲಸ ತಗೊಳ್ಳೂ ಒಂದೊಂದು ಸಾಲಿನ ಮುಂದೂ ಬರೀಬೇಕಾಗ್ತದ. ನನಗ ಬ್ಯಾಸರ ಬಂತು. ಕದ್ದು ನೋಡೂದಕ್ಕ ಒಂದು ಅಡ್ಡದಾರಿ ಅದ. ಅದರ ಹೆಸರಿನಾಗ ಅಪಾಯ ಅಂತನ ಅದ, ಆದ್ರೂ ಹಾಕಿದೆ. ಅದು ಒಮ್ಮಿ ಕದ್ದು ನೋಡಿ, ಆ ದಿನಾನ ಬಾಯಿಪಾಠ ಮಾಡ್ಕೊಂಡು ಕುಂತುಬಿಟ್ಟದ. ಕಂಪ್ಯೂಟರ್ ಬಂದ್ ಮಾಡೂತನಕ ಅದಕ್ಕ ಅದ ದಿನ, ನಿನ್ನಿ ರಾತ್ರಿ ಬಂದ್ ಮಾಡಿಲ್ಲ." ಈಗ ಸರಿಮಾಡುವುದು ಹೀಗಂತೆ: ಬಾಗಿಲಲ್ಲಿ ನಿಂತ ಒಬ್ಬರು ಪ್ರತಿ ಸಲವೂ ಗಡಿಯಾರ ನೋಡಿ ತಾರೀಖನ್ನು ಒಳಗೆ ಕೊಡಬೇಕು. ಒಳಗಿನವರು ಕೊಟ್ಟ ತಾರೀಖಿಗೆ ತಿಥಿ ಹೇಳಬೇಕು, ಅಷ್ಟೇ.

ನನಗೆ ಒಮ್ಮೆಲೇ ಬೆಳಕು ಹರಿದಂತಾಯಿತು. "ಅಯ್ಯ, ಇದು ನಮ್ಮ ಮಡಿ ಅಲ್ಲೇನ! ಮಡಿಯೊಳಗಿದ್ದಾಕಿ ಹೊರಗಿಂದು ಮುಟ್ಟಂಗಿಲ್ಲ. ಬೇಕಾದದ್ದು ಹೊರಗಿನವರು ತಂದಿಡಬೇಕು. ನಿನ್ನ ಪ್ರೋಗ್ರಾಮು ಮಡೀಲೆ ಇದ್ದೀನಿ ಅಂತ ಹೇಳಿ ಕದ್ದು ಮುಟ್ಟೇದ. ಇದನ್ನ ಬರಿ, ಗೂಬೆ ಆಚಾರ್ಯರಿಗೆ ಬರಿ!" ಇಂಥ ದೊಡ್ಡ ಶಾಸ್ತ್ರ ನನ್ನ ಅಡುಗೆಮನೆಯೊಳಗೇ ಇತ್ತಲ್ಲ ಎಂದು ಹಿಗ್ಗಿದೆ.

ಸುಜಾತಾ ಬರೆಯಲಿಲ್ಲ. ಹೊಸ್ತಿಲಿನ ಕಟ್ಟಿಗೆಯ ಮೇಲೆ ಬೆರಳಾಡಿಸುತ್ತ ಕೂತಳು.

"ಅದು ಬ್ಯಾಡ್ರಿ ಅಮ್ಮಾರ. ನಮ್ಮವ್ವನ ತವರು ಮಾನ್ವಿ. ಸಣ್ಣಾಕಿದ್ದಾಗ ನಿಮ್ಮಂಥೋರ ಮನಿ ಹಿತ್ತಲದಾಗ ಶೇಂಗಾ ಸುಲಿಯಾಕ ಹೋಗ್ತಿದ್ಳಂತ. ನೀರು ಕೇಳಿದ್ರ ಬೊಗಸಿ ಹಿಡಿ ಅಂತಿದ್ರಂತ, ಮ್ಯಾಲಿಂದ ಸುರೀತಿದ್ರಂತ. ಮಡಿ ಅಂದ್ರ ನಮ್ಮನ್ಯಾಗ ಅದ ನೆನಪಾಗ್ತದ." ಆಮೇಲೆ ಲ್ಯಾಪ್‌ಟಾಪಿನ ಕಡೆ ತೋರಿಸಿ ಹೇಳಿದಳು: "ಇದರಾಗ ಹೊರಗಿಂದು ಹೊಲಸಲ್ರಿ. ಹೊರಗಿಂದು ಬರಲಿಲ್ಲಂದ್ರ ಪ್ರೋಗ್ರಾಮು ಯಾರಿಗೂ ಉಪಯೋಗಿಲ್ಲ. ಮುಟ್ಟಬ್ಯಾಡ ಅನ್ನಂಗಿಲ್ಲ ಇದು. ಮುಟ್ಟಿದ್ದು ಮುಚ್ಚಿಡಬ್ಯಾಡ ಅಂತದ, ಅಷ್ಟ."

ನಾನು ಹೂಂ ಎಂದೆ. ಬತ್ತಿ ಹೊಸೆಯುವ ಕೈ ನಿಂತಿತ್ತು.

ಏಕೆಂದರೆ ನನ್ನ ತವರೂ ಮಾನ್ವಿಯೇ. ನಮ್ಮ ಹಿತ್ತಲಿನಲ್ಲೂ ಶೇಂಗಾದ ರಾಶಿ ಬೀಳುತ್ತಿತ್ತು, ಸುಲಿಯಲು ಹೆಣ್ಣುಮಕ್ಕಳು ಬರುತ್ತಿದ್ದರು. ಅವರಿಗೆ ನೀರು ಹಾಕುವ ಕೆಲಸ ಎಂಟೊಂಬತ್ತು ವರ್ಷದ ನನ್ನದು. ಇಂದು ಬೆಳಗಿನಿಂದ ತಿಕ್ಕುತ್ತಿರುವ ಇದೇ ತಂಬಿಗೆ, ಮದುವೆಯಾದಾಗ ತವರಿನಿಂದ ನನ್ನ ಜೊತೆ ಬಂದದ್ದು. ಹಿರಿಯರು ಮೇಲಿಂದ ಸುರಿ ಎಂದಿದ್ದರು. ಎತ್ತರದಿಂದ ಸುರಿ ಎಂದು ಯಾರೂ ಹೇಳಿರಲಿಲ್ಲ. ಅದು ನನ್ನ ಆಟ. ಕಟ್ಟೆ ಹತ್ತಿ ನಿಂತು, ಎಷ್ಟು ಎತ್ತರದಿಂದ ಬಿಟ್ಟರೂ ಧಾರೆ ಬೊಗಸೆಗೇ ಬೀಳುತ್ತದೆಯೇ ಎಂದು ನೋಡುತ್ತಿದ್ದೆ. ತಪ್ಪಿದರೆ ನಗುತ್ತಿದ್ದೆ. ಕೆಳಗೆ ನನ್ನ ವಯಸ್ಸಿನ ಹುಡುಗಿಯರೂ ಇದ್ದರು.

ಇದನ್ನು ಅಂದು ಸುಜಾತಾಳಿಗೆ ಹೇಳಲಿಲ್ಲ. ಮರುದಿನ ಹೇಳೋಣವೆಂದುಕೊಂಡೆ. ಮರುದಿನ ಪ್ರೋಗ್ರಾಮು ಸರಿಯಾಗಿ ದ್ವಾದಶಿ ತೋರಿಸಿತು, ಇಬ್ಬರೂ ನಕ್ಕೆವು, ಮಾತು ಒಳಗೇ ಉಳಿಯಿತು. ಆಮೇಲೆ ಅವಳಿಗೆ ದೇವದುರ್ಗಕ್ಕೆ ವರ್ಗವಾಯಿತು. ಮಸರಕಲ್ಲಿನಲ್ಲಿ ತಾಯಿಯ ಜೊತೆಗೇ ಇದ್ದು ಕಾಲೇಜಿಗೆ ಓಡಾಡುತ್ತಾಳೆ. ಈಗ ಇಂಟರ್ನೆಟ್ಟಿನ ಆ ಜಾಗದಲ್ಲಿ ಹೊಸಬರ ಪ್ರಶ್ನೆಗೆ ಅವಳೇ ಉತ್ತರ ಬರೆಯುತ್ತಾಳಂತೆ. ನಾನು ಮಾತ್ರ ದಿನಾ ಬೆಳಗ್ಗೆ ಗುಂಡಿ ಒತ್ತಿ ತಿಥಿ ನೋಡುವಾಗ ಒಂದು ಸಲ ಆ ಬೊಗಸೆಗಳನ್ನು ನೆನೆಯುತ್ತೇನೆ. ಒಮ್ಮೆ ಕದ್ದು ನೋಡಿ ಬಾಯಿಪಾಠ ಮಾಡಿಕೊಂಡು ಕೂತದ್ದು ಅವಳ ಪ್ರೋಗ್ರಾಮು ಒಂದೇ ಅಲ್ಲ.

ಇಷ್ಟು ಬರೆದು ಎದ್ದಿದ್ದೆ. ಈಗ ಸಂಜೆ ನಾಲ್ಕು. ಅವರು ಬಂದು ಹೋದರು.

ಸುಜಾತಾಳ ತಾಯಿ ಹನುಮವ್ವ ನನ್ನ ವಾರಿಗೆಯವರೇ. ಬಿಸಿಲಿನಲ್ಲಿ ಬಂದು ಪಡಸಾಲೆಯ ಕುರ್ಚಿಯ ಮೇಲೆ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ತಂಬಿಗೆ ತುಂಬಿ ತಂದು ಅವರ ಕೈಗೆ ಕೊಟ್ಟೆ. ಕೊಡುವಾಗಲೇ ಹೇಳಿದೆ, ತಡೆದರೆ ಮತ್ತೆ ಉಳಿದುಬಿಡುತ್ತದೆಂದು. ನನ್ನ ತವರು ಮಾನ್ವಿ, ಶೇಂಗಾ ಸುಲಿಯುವವರಿಗೆ ನಾನೇ ನೀರು ಸುರಿಯುತ್ತಿದ್ದೆ, ಕಟ್ಟೆ ಹತ್ತಿ, ಆಟಕ್ಕೆಂದು, ಎತ್ತರದಿಂದ.

"ಮೊದ್ಲ ಕುಡಿಯಾಕ ಬಿಡವ್ವ, ಗಂಟಲ ಒಣಗ್ಯಾದ" ಎಂದರು ಹನುಮವ್ವ. ಗಟಗಟ ಅರ್ಧ ತಂಬಿಗೆ ಕುಡಿದರು. ಸುಜಾತಾ ಒಮ್ಮೆ ನನ್ನನ್ನು, ಒಮ್ಮೆ ಅವ್ವನನ್ನು ನೋಡುತ್ತಿದ್ದಳು.

"ನಾನ ಸುರಿದದ್ದು ನಿಮಗೇ ಇರಬೇಕು ಅಂತ ಅನಸ್ಲಿಕ್ಹತ್ತದ" ಎಂದೆ.

"ನಿಮ್ಮನ್ಯಾಗೋ, ಬಾಜೂ ಮನ್ಯಾಗೋ, ಯಾರಿಗಿ ಗೊತ್ತು. ಎಲ್ಲಾರೂ ಹಂಗ ಸುರೀತಿದ್ರು." ಬಾಯಿ ಒರೆಸಿಕೊಂಡರು. "ಮಾರಿ ಯಾರ್ದು ನೋಡಾಕ ಆಗ್ತಿತ್ತು? ನೀರು ಚೆಲ್ಲಿ ಹೋದಾವು ಅಂತ ಕಣ್ಣು ಬೊಗಸಿ ಮ್ಯಾಲ ಇರ್ತಿತ್ತು."

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ. ತಂಬಿಗೆ ಮುಂದೆ ಚಾಚಿ, "ಇನ್ನೊಂದಿಷ್ಟು ತರ್ರಿ" ಎಂದರು.

ಒಳಗೆ ಹೋದೆ. ಮಡಿನೀರಿನ ಕೊಡದ ಮುಂದೆ ನಿಂತೆ. ಮೊದಲ ಸಲ ನೀರು ತಂದದ್ದು ಹೊರಗಿನ ನಲ್ಲಿಯಿಂದ, ಅದನ್ನು ನಾನು ಮೇಲೆ ಬರೆಯಲಿಲ್ಲ. ಈಗ ಬರೆಯುತ್ತಿದ್ದೇನೆ. ಅವರು ಬಾಯಿ ಹಚ್ಚಿ ಕುಡಿದ ತಂಬಿಗೆಯನ್ನು ತೊಳೆಯದೆ ಕೊಡದೊಳಗೆ ಅದ್ದಿದೆ. ಅದ್ದುವ ಮೊದಲು ಒಮ್ಮೆ ಕೈ ಹಿಂದೆ ತೆಗೆದೆ. ತೆಗೆಯಲಿಲ್ಲ ಎಂದರೆ ಅದೂ ಸುಳ್ಳಾಗುತ್ತದೆ. ತುಂಬಿಕೊಂಡು ತಿರುಗಿದರೆ ಹೊಸ್ತಿಲಿನ ಹೊರಗೆ, ತನ್ನ ಹಳೆಯ ಜಾಗದಲ್ಲಿ, ಸುಜಾತಾ ನಿಂತು ನೋಡುತ್ತಿದ್ದಳು.

"ಒಳಗ ಬಾ" ಎಂದೆ. "ಒಬ್ಬಾಕಿ ಕೈಲೆ ಎಷ್ಟಂತ ಆಗ್ತದ, ಆ ಲೋಟ ತಗೊ."