ಸಣ್ಣ ಕೊಳಲಿನವನ ಮೇಲೆ ಕೊಟ್ಟ ತೀರ್ಪು

ಬಟ್ಟೆ ಗಿರಣಿಯಲ್ಲಿ ಮೂವತ್ತೊಂದು ವರ್ಷ ಮಗ್ಗ ನಡೆಸಿ ಹೊರಬಿದ್ದ ಆ ಮನುಷ್ಯನನ್ನು ಊರಿನ ಅರ್ಧ ಜನ ಜಡ್ಜಪ್ಪ ಎಂದೇ ಕರೆಯುತ್ತಿದ್ದರು. ಕೋರ್ಟಿನ ಮೆಟ್ಟಿಲನ್ನು ಆತ ಹತ್ತಿದ್ದು ಒಂದೇ ಸಲ, ಅದೂ ಮುಷ್ಕರದ ಕೇಸಿನಲ್ಲಿ ಆರೋಪಿಯಾಗಿ. ಹೆಸರು ಬಂದದ್ದು ಹಾಡಿನ ಹುಚ್ಚಿನಿಂದ. ಯಾರು ಏನು ಹಾಡಿದರೂ, ಯಾವ ಅಂಗಡಿಯ ರೇಡಿಯೊ ಎಲ್ಲಿ ಅರಚಿದರೂ ನಿಂತು ಕೇಳಿ, ಮೂಗಿನ ತುದಿ ಉಜ್ಜಿಕೊಂಡು, ತೀರ್ಪು ಕೊಟ್ಟೇ ಮುಂದೆ ಹೋಗುವ ಚಾಳಿ. ಬೇಕು ಅಂದವರಿಗೂ ಕೊಡುತ್ತಿದ್ದ, ಬೇಡ ಅಂದವರಿಗೂ ಕೊಡುತ್ತಿದ್ದ.

ಹೆಂಡತಿ ಇರುವಷ್ಟು ದಿನ ಆ ತೀರ್ಪುಗಳೆಲ್ಲ ಮನೆಯಲ್ಲೇ ಖರ್ಚಾಗುತ್ತಿದ್ದವು. ಅವಳು ಒಲೆ ಕಡೆ ಮುಖ ಮಾಡಿಕೊಂಡೇ ಕೇಳುತ್ತಿದ್ದಳು. "ಅವನಿಗೆ ಉಸಿರೇ ಸಾಲ್ದು ಕಣೇ, ಎರಡನೇ ಸಾಲಿಗೇ ಏದುಸಿರು ಬಿಡ್ತಾನೆ" ಎಂದು ಈತ ಅಂದರೆ, "ಹೌದಾ? ಹಾಗಾದ್ರೆ ಗಲ್ಲಿಗೆ ಹಾಕ್ಬಿಡಿ. ಹಾಕೋಕೆ ಮುಂಚೆ ಸಾರಿಗೆ ಉಪ್ಪು ಸರಿ ಇದ್ಯಾ ನೋಡಿ" ಎನ್ನುತ್ತಿದ್ದಳು. ಅವಳು ಸತ್ತು ಆರು ವರ್ಷವಾಯಿತು. ಮಗಳು ಇನ್ನೊಂದು ಊರಿನಲ್ಲಿ ಆಸ್ಪತ್ರೆಯ ನರ್ಸು, ಭಾನುವಾರ ಫೋನು ಮಾಡುತ್ತಾಳೆ. ಆಮೇಲೆ ಉಳಿದದ್ದು ಒಂದು ರೂಮು, ಒಂದು ಮಂಚ, ಗೋಡೆಗೆ ಹೊಡೆದ ಮೂರು ಮೊಳೆ. ಹೇಳದೆ ಉಳಿದ ತೀರ್ಪುಗಳು ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಳ್ಳತೊಡಗಿದವು.

ಆಗ ಕಣ್ಣಿಗೆ ಬಿದ್ದದ್ದು ಸಾರ್ವಜನಿಕ ಗ್ರಂಥಾಲಯದ ಮಹಡಿ. ಯಾರೋ ಹಲ್ಲಿನ ಡಾಕ್ಟರು ತೀರಿಕೊಂಡಾಗ ಅವರ ಮನೆಯವರು ಆರುನೂರು ಎಲ್‌ಪಿ ರೆಕಾರ್ಡುಗಳನ್ನು ತಂದು ಸುರಿದು ಹೋಗಿದ್ದರು. ಹಳೆಯ ಪತ್ರಿಕೆಗಳ ಕಟ್ಟುಗಳ ಪಕ್ಕ ಒಂದು ಕಿರುಕೋಣೆ, ಎರಡು ಪ್ಲೇಯರು, ಚರ್ಮ ಬಿರಿದ ಎರಡು ಜೊತೆ ಹೆಡ್‌ಫೋನು. ಮೇಜಿನ ಮೇಲೆ ದಾರ ಕಟ್ಟಿದ ಪೆನ್ನಿನ ಜೊತೆ ಒಂದು ಉದ್ದನೆಯ ನೋಟುಬುಕ್ಕು, ಮೇಲೆ ‘ಅಭಿಪ್ರಾಯ ಪುಸ್ತಕ’ ಎಂಬ ಚೀಟಿ. ಫ್ಯಾನು ತಿರುಗುವುದಿಲ್ಲ, ಕುರ್ಚಿ ಅಲುಗಾಡುತ್ತದೆ ಎಂಬಂಥ ದೂರು ಬರೆಯಲು ಇಟ್ಟದ್ದು. ಜಡ್ಜಪ್ಪ ಅದರಲ್ಲಿ ರೆಕಾರ್ಡಿನ ನಂಬರು ಹಾಕಿ ಹಾಡಿನ ಅಭಿಪ್ರಾಯ ಬರೆಯತೊಡಗಿದ. ವಾರಕ್ಕೆ ಎರಡು ದಿನ, ಮಂಗಳವಾರ ಮತ್ತು ಶನಿವಾರ. ಗಿರಣಿಗೆ ಹೋದಷ್ಟೇ ಶಿಸ್ತಾಗಿ, ಊಟದ ಡಬ್ಬಿ ಸಮೇತ.

ಒಂಟಿ ಪಿಯಾನೊದ ಹದಿನೇಳನೇ ನಂಬರಿಗೆ ಹೀಗೆ ಬರೆದ: "ಮೊದಲ ಬದಿ ಚೆನ್ನಾಗಿದೆ, ತನ್ನಷ್ಟಕ್ಕೆ ನುಡಿಸಿದ್ದಾನೆ. ಎರಡನೇ ಬದಿಯಲ್ಲಿ ಯಾರೋ ನೋಡುತ್ತಿದ್ದಾರೆ ಅಂತ ಗೊತ್ತಾಗಿ ಮೆರೆಯೋಕೆ ಶುರು ಮಾಡಿದ. ಮೊದಲ ಬದಿ ಕೇಳಿ ಎದ್ದುಬಿಡಿ."

ನಲವತ್ತೆರಡು, ಜಾಝ್: "ಐದು ಜನ. ಯಾರ ಮಾತು ಯಾರೂ ಕೇಳುತ್ತಿಲ್ಲ ಅನ್ನಿಸಿತು. ಮೂರನೇ ಸಲಕ್ಕೆ ಗೊತ್ತಾಯಿತು, ಅವರೆಲ್ಲ ಕೇಳುತ್ತಿದ್ದಾರೆ, ಅವಸರ ನನ್ನದು. ನಮ್ಮ ಯೂನಿಯನ್ ಸಭೆಗಿಂತ ಎಷ್ಟೋ ವಾಸಿ."

ತೊಂಬತ್ತು, ರಾಕ್: "ಹುಡುಗರಿಗೆ ಕೋಪ ಬಂದಿದೆ, ಯಾರ ಮೇಲೆ ಅಂತ ಅವರಿಗೇ ಗೊತ್ತಿಲ್ಲ. ಗೊತ್ತಾದ ದಿನ ಒಳ್ಳೆ ಹಾಡು ಹುಟ್ಟುತ್ತೆ. ಡ್ರಮ್ ಬಾರಿಸುವವನು ಮಾತ್ರ ಮೈ ಬಗ್ಗಿಸಿ ದುಡಿದಿದ್ದಾನೆ."

ದೊಡ್ಡ ವಾದ್ಯವೃಂದದ ಜೊತೆ ಹಾಡಿದ ಗಾಯಕಿಯೊಬ್ಬಳ ಶೋಕಗೀತೆಗಳಿಗೆ: "ಈಯಮ್ಮ ಅಳೋದು ಸರಿ. ಹಿಂದೆ ನಲವತ್ತು ಪಿಟೀಲು ಯಾಕೆ ಅಳಬೇಕು?" ಕಲ್ಲು ಕ್ವಾರಿಯ ಕೂಲಿಗಳು ಕೆಲಸ ಮಾಡುತ್ತ ಹಾಡಿದ್ದನ್ನು ಅಲ್ಲೇ ಹಿಡಿದ ಒಂದು ರೆಕಾರ್ಡಿಗೆ ಮಾತ್ರ ಐದೇ ಪದ: "ಇದಕ್ಕೆ ತೀರ್ಪಿಲ್ಲ. ಎದ್ದು ನಿಂತು ಕೇಳಿ."

ಜನ ಓದಿದರು. ನೋಟುಬುಕ್ಕು ನೋಡಿ ರೆಕಾರ್ಡು ಆರಿಸಿಕೊಳ್ಳುವುದು ರೂಢಿಯಾಯಿತು. ಗ್ರಂಥಾಲಯದ ಮೇಡಮ್ಮು ಕೂಡ ಯಾರಾದರೂ ಬಂದರೆ, "ಮೊದ್ಲು ಜಡ್ಜಪ್ಪನೋರು ಏನಂದಿದಾರೆ ನೋಡ್ಕೊಳ್ಳಿ" ಎನ್ನುತ್ತಿದ್ದಳು. ಓದಿದವರ ಮುಖವನ್ನು ಆತ ಕಂಡದ್ದು ಕಡಿಮೆ. ಆದರೂ ತಾನು ಬರೆದದ್ದು ಯಾರದೋ ತಲೆಯೊಳಗೆ ಹೋಗಿ ಕೂತಿದೆ ಎಂಬುದೇ ಆತನಿಗೆ ಸಂಸಾರದ ಹಾಗಿತ್ತು. ಇನ್ನೊಂದು ಸಂಸಾರ ಇರಲಿಲ್ಲ.

ಹೀಗಿರುವಾಗ ಇನ್ನೂರ ಎಂಬತ್ತೆಂಟನೇ ನಂಬರು ಬಂತು. ಗೇಣುದ್ದದ ಸಣ್ಣ ಕೊಳಲು ಮತ್ತು ಡೋಲು, ಇಬ್ಬರೇ ವಾದಕರು. ಜಡ್ಜಪ್ಪ ಕೇಳಿ ಕೆಂಡವಾದ. "ಡೋಲಿನವನು ಬೆವರು ಸುರಿಸಿದ್ದಾನೆ. ಕೊಳಲಿನವನು ಎರಡನೇ ಬದಿಯಲ್ಲಿ ಅರ್ಧಕ್ಕೇ ಕೆಲಸ ಬಿಟ್ಟು ಎದ್ದು ಹೋಗಿದ್ದಾನೆ. ಲಕೋಟೆ ಮೇಲೆ ಫೋಟೊ ಮಾತ್ರ ಅವನದೇ ದೊಡ್ಡದು. ಒಬ್ಬ ದುಡಿಯೋದು, ಇನ್ನೊಬ್ಬ ಹಾಜರಿ ಹಾಕಿಸಿಕೊಳ್ಳೋದು. ಇಂಥವರನ್ನು ಗಿರಣಿಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಕೇಳಬೇಡಿ."

ಮುಂದಿನ ಮಂಗಳವಾರ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಯಾರೋ ಬರೆದಿದ್ದರು: "ಕೊಳಲು ಎಲ್ಲೂ ನಿಂತಿಲ್ಲ. ಕೊನೆಯ ನಾಲ್ಕು ನಿಮಿಷ ತುಂಬ ಮೇಲಿನ ಸ್ವರದಲ್ಲಿದೆ. ರೆಕಾರ್ಡಿನಲ್ಲಿ ಅದೇ ಚೆಂದದ ಭಾಗ. ದಯವಿಟ್ಟು ಇನ್ನೊಮ್ಮೆ ಕೇಳಿ."

ಆರು ವರ್ಷದಲ್ಲಿ ಯಾರೂ ಆತನಿಗೆ ಉತ್ತರ ಬರೆದಿರಲಿಲ್ಲ. ಮೊದಲು ಖುಷಿಯೇ ಆಯಿತು. ಆಮೇಲೆ ಸಿಟ್ಟು. ರೆಕಾರ್ಡು ಹಾಕಿ ಕೇಳಿದ. ಕೊಳಲು ಮೇಲಕ್ಕೆ ಹೋಯಿತು, ಹೋಯಿತು, ಹೋದದ್ದು ಹೋಯಿತು. ಡೋಲು ಒಂದೇ ಉಳಿಯಿತು. ಸೂಜಿ ಒರೆಸಿ ಹಾಕಿದ. ಪ್ಲೇಯರು ಬದಲಿಸಿದ, ಹೆಡ್‌ಫೋನು ಬದಲಿಸಿದ. ಕೊನೆಗೆ ಮೇಡಮ್ಮನ್ನೇ ಮೇಲಕ್ಕೆ ಕರೆದ.

"ಸ್ವಲ್ಪ ಬನ್ನಿ ತಾಯಿ. ನಿಮ್ಮ ಮಿಷನ್ನು ಕೆಟ್ಟಿದೆಯೋ, ಇದನ್ನ ಬರೆದವರ ತಲೆ ಕೆಟ್ಟಿದೆಯೋ ತೀರ್ಮಾನ ಆಗ್ಬೇಕು."

"ಮೂರನೇದೂ ಒಂದಿರುತ್ತಲ್ಲ ಜಡ್ಜಪ್ಪನೋರೇ, ಅದನ್ನ ಹೇಳ್ಲೇ ಇಲ್ಲ" ಎಂದು ನಗುತ್ತ ಅವಳು ಹೆಡ್‌ಫೋನು ಹಾಕಿಕೊಂಡಳು.

ಮಗ್ಗದವರ ಒಂದು ವಿದ್ಯೆಯನ್ನು ಇಲ್ಲಿ ಹೇಳಬೇಕು. ನೂರಿಪ್ಪತ್ತು ಮಗ್ಗ ಒಟ್ಟಿಗೆ ಬಡಿಯುವ ಶೆಡ್ಡಿನಲ್ಲಿ ಕಿವಿಗೆ ಬಾಯಿ ಹಚ್ಚಿ ಕಿರುಚಿದರೂ ಕೇಳುವುದಿಲ್ಲ. ಅಲ್ಲಿ ಮಾತೆಲ್ಲ ತುಟಿಯಲ್ಲೇ. ಎದುರಿನವರ ತುಟಿ, ಹುಬ್ಬು, ಕೆನ್ನೆ ನೋಡಿ ಓದಿಕೊಳ್ಳಬೇಕು. ಜಗಳ, ಜೋಕು, ಯೂನಿಯನ್ನಿನ ಗುಟ್ಟು, ಸೂಪರ್‌ವೈಜರನ ಅಪ್ಪನ ತನಕ ಹೋಗುವ ಬೈಗುಳ, ಎಲ್ಲವೂ ಹೀಗೆಯೇ ನಡೆಯುತ್ತಿತ್ತು. ಆ ವಿದ್ಯೆ ಮೈಗೆ ಅಂಟಿಕೊಂಡರೆ ಕೆಲಸ ಬಿಟ್ಟ ಮೇಲೂ ಹೋಗುವುದಿಲ್ಲ. ಎದುರು ಕೂತು ಮಾತಾಡುವವರ ತುಟಿಯನ್ನು ಜಡ್ಜಪ್ಪ ತನಗೇ ತಿಳಿಯದ ಹಾಗೆ ಓದುತ್ತಿದ್ದ. ಹಾಗಾಗಿ ಮಾತು ಕೇಳುತ್ತಿಲ್ಲ ಎಂಬ ಅನುಮಾನ ಬರಲು ಎಡೆಯೇ ಇರಲಿಲ್ಲ. ಫೋನಿನಲ್ಲಿ ಮಗಳು, "ಅಪ್ಪಾ, ನಾನೊಂದು ಕೇಳಿದ್ರೆ ನೀವೊಂದು ಹೇಳ್ತೀರಲ್ಲ" ಅಂದಾಗೆಲ್ಲ ಆತ ಫೋನು ಕಂಪನಿಯನ್ನು ಬೈದಿದ್ದ.

ಈಗ ಮೇಡಮ್ಮಿನ ಮುಖವನ್ನು ಓದಿದ. ಡೋಲಿನ ಏಟುಗಳು ಎಲ್ಲಿ ಬರುತ್ತವೆ ಎಂಬುದು ಆತನಿಗೆ ಬಾಯಿಪಾಠವಾಗಿತ್ತು. ಅವಳ ಬೆರಳು ಮೇಜಿನ ಮೇಲೆ ಆ ಏಟುಗಳನ್ನು ಬಿಟ್ಟು ಬೇರೆ ಏನನ್ನೋ ಹಿಡಿದು ಓಡುತ್ತಿತ್ತು. ಹುಬ್ಬು ಮೇಲೆ ಹೋಯಿತು, ಅಲ್ಲೇ ನಿಂತಿತು. ಬಾಯಿ ಸ್ವಲ್ಪ ತೆರೆಯಿತು. ನಾಲ್ಕು ನಿಮಿಷ ಅವಳು ಈತನನ್ನು ಮರೆತು ಕೂತಿದ್ದಳು. ಅವಳ ಮುಖದ ಮೇಲೆ ಕೊಳಲು ನಡೆಯುತ್ತಿತ್ತು, ಈತನಿಗೆ ಕಾಣುತ್ತಿತ್ತು.

ಅವಳು ಹೆಡ್‌ಫೋನು ತೆಗೆದು ಏನೋ ಹೇಳಲು ಹೊರಟಳು.

"ಬೇಡ ಬಿಡಿ ತಾಯಿ, ಗೊತ್ತಾಯ್ತು" ಎಂದ. ನೋಟುಬುಕ್ಕನ್ನು ಅವಳ ಮುಂದೆ ಸರಿಸಿ, "ಇದನ್ನ ಬರೆದವರು ಯಾರು?" ಎಂದು ಕೇಳಿದ.

"ಯಾರೋ ಒಬ್ರು ಟೀಚರು, ಮೂರು ನಾಲ್ಕು ಸಲ ಬಂದಿದ್ರು. ನಿನ್ನೆಯೇ ವರ್ಗ ಆಗಿ ಹೋದ್ರು. ಯಾಕೆ, ವಾರಂಟು ಕಳಿಸ್ತೀರಾ?"

ಜಡ್ಜಪ್ಪ ಊಟದ ಡಬ್ಬಿ ಎತ್ತಿಕೊಂಡು ಆಸ್ಪತ್ರೆಯ ದಾರಿ ಹಿಡಿದ.

ಕಿವಿ ಡಾಕ್ಟರು ಗ್ರಾಫಿನ ಕಾಗದವೊಂದನ್ನು ಮುಂದೆ ಇಟ್ಟ. ಕೆಳಗಿನ ಸ್ವರಗಳ ಕಡೆ ನೆಟ್ಟಗಿದ್ದ ಗೆರೆ ಮೇಲಿನ ಸ್ವರಗಳು ಶುರುವಾಗುವ ಕಡೆ ಬಾವಿಗೆ ಬಿದ್ದ ಹಾಗೆ ಬಿದ್ದಿತ್ತು. ಗಿರಣಿ ಕಿವಿ, ಮೇಲಿನದು ಮೊದಲು ಹೋಗುತ್ತೆ, ಹೋದದ್ದು ಬರೋದಿಲ್ಲ ಎಂದ. ಕಿವಿಗೆ ಇಟ್ಟುಕೊಳ್ಳಲು ಕೊಟ್ಟ ಮಿಷನ್ನು ಮಗಳ ಫೋನಿಗೆ ಸರಿಹೋಯಿತು. ಅದನ್ನು ಹಾಕಿಕೊಂಡು ಪಿಟೀಲು ಕೇಳಿದರೆ ಬಕೆಟ್ಟಿನ ತಳ ಕೆರೆದಂತಿತ್ತು.

ಗಿರಣಿಯ ಹಳೆಯ ಗೆಳೆಯನೊಬ್ಬನಿದ್ದ, ನೂಲು ಸುತ್ತುವ ವಿಭಾಗದವನು, ಕಡ್ಡಿಯಂಥ ಆಳು, ಬಾಬಿನ್ ಎಂದು ಅಡ್ಡಹೆಸರು. ಇಬ್ಬರೂ ಚಹದಂಗಡಿಯ ಎರಡು ಮೂಲೆಯಲ್ಲಿ ಕೂತು ತುಟಿಯಲ್ಲೇ ಮಾತಾಡುತ್ತಿದ್ದರು. ಹೊಸ ಗಿರಾಕಿಗಳು ಮೂಗರು ಎಂದುಕೊಳ್ಳುತ್ತಿದ್ದರು. ಜಡ್ಜಪ್ಪ ವಿಷಯ ಹೇಳಿದಾಗ ಬಾಬಿನ್ ಲೋಟ ಕೆಳಗಿಟ್ಟ.

"ಹನ್ನೊಂದನೇ ಬೇಡಿಕೆ ನೆನಪಿದ್ಯೇನಯ್ಯ?"

ನೆನಪಿತ್ತು. ದೊಡ್ಡ ಮುಷ್ಕರದ ಬೇಡಿಕೆ ಪಟ್ಟಿಯಲ್ಲಿ ಹನ್ನೊಂದನೆಯದು ಕಿವಿಗೆ ರಕ್ಷಣೆ. ಮಾತುಕತೆಯ ಮೇಜಿನಲ್ಲಿ ಮಾಲೀಕರ ಕಡೆಯವರು, ಒಂದನ್ನು ಬಿಟ್ಟರೆ ಇನ್ನೊಂದು ಕೊಡುತ್ತೇವೆ ಅಂದಾಗ ಪೆನ್ನು ಇದ್ದದ್ದು ಜಡ್ಜಪ್ಪನ ಕೈಯಲ್ಲೇ. "ಕಿವಿಗೆ ಬಿರಡೆ ಹಾಕ್ಕೊಂಡು ಯಾವನಾದ್ರೂ ಮಗ್ಗ ನಡೆಸ್ತಾನೇನ್ರೋ? ದಾರ ಕಡಿದದ್ದು ನೇಕಾರನಿಗೆ ಗೊತ್ತಾಗೋದೇ ಸದ್ದಿನಲ್ಲಿ" ಎಂದು ಅದನ್ನು ಹೊಡೆದುಹಾಕಿ, ಪಾಳಿಯ ನಡುವೆ ಅರ್ಧ ಗಂಟೆ ವಿರಾಮ ಗೆದ್ದುಕೊಂಡಿದ್ದ. ಆ ಅರ್ಧ ಗಂಟೆಯನ್ನು ಅಷ್ಟೂ ವರ್ಷ ಕ್ಯಾಂಟೀನಿನ ರೇಡಿಯೊ ಕೆಳಗೆ ಕೂತು ಕಳೆದಿದ್ದ. ಶೆಡ್ಡಿನಲ್ಲಿ ಚಪ್ಪಾಳೆ ಬಿದ್ದಿತ್ತು. ಹೆಗಲ ಮೇಲೆ ಹೊತ್ತಿದ್ದರು.

"ನನ್ನ ಕಿವೀನೂ ನೀನೇ ಹೊಡೆದುಹಾಕ್ದೆ ಕಣೋ ಬಡ್ಡಿಮಗನೇ" ಎಂದ ಬಾಬಿನ್, ಸದ್ದಿಲ್ಲದೆ, ತುಟಿಯಲ್ಲಿ. "ನನಗೇನು, ಹಾಡೂ ಇಲ್ಲ, ಪಾಡೂ ಇಲ್ಲ. ಹೆಂಡ್ತಿ ಬೈಗುಳ ಕೇಳ್ಸಲ್ಲ, ಅಷ್ಟೇ ಲಾಭ. ಚಹ ಆರ್ತಾ ಇದೆ, ಕುಡಿ."

ಶನಿವಾರ ಜಡ್ಜಪ್ಪ ರೆಕಾರ್ಡು ಹಾಕಲಿಲ್ಲ. ನೋಟುಬುಕ್ಕನ್ನು ಮೊದಲ ಪುಟದಿಂದ ಓದಿದ. ಎರಡು ವರ್ಷದ ಹಿಂದಿನವರೆಗೂ ತೀರ್ಪುಗಳು ಒಂದರಂತೆ ಒಂದಿರಲಿಲ್ಲ. ಅಲ್ಲಿಂದಾಚೆಗೆ ಒಂದೇ ರಾಗ. "ಪಿಟೀಲಿನವನು ಜಿಪುಣ." "ಕಂಚಿನ ತಾಳಕ್ಕೆ ಬಟ್ಟೆ ಸುತ್ತಿ ಬಾರಿಸಿದ್ದಾರೆ." "ಈ ಹಾಡುಗಾರ್ತಿ ಬಾಯಲ್ಲಿ ನೀರು ತುಂಬಿಕೊಂಡು ಹಾಡುತ್ತಾಳೆ, ಒಂದು ಪದವೂ ಬಿಡಿಸಿ ಬರುವುದಿಲ್ಲ. ಕೇಳಬೇಡಿ." ಹಾಡುಗಾರ್ತಿಯ ತುಟಿ ರೆಕಾರ್ಡಿನ ಮೇಲೆ ಕಾಣುವುದಿಲ್ಲವಲ್ಲ. ಪ್ರತಿ ರೆಕಾರ್ಡಿನ ಲಕೋಟೆಯಲ್ಲಿ ಯಾರು ಯಾವಾಗ ಕೇಳಿದರು ಎಂಬ ಚೀಟಿ ಇರುತ್ತಿತ್ತು. ತೆಗೆದು ನೋಡಿದ. "ಕೇಳಬೇಡಿ" ಎಂದು ತಾನು ಬರೆದ ದಿನದಿಂದ ಆ ಹಾಡುಗಾರ್ತಿಯನ್ನು ಒಬ್ಬರೂ ಕೇಳಿರಲಿಲ್ಲ. ಗಿರಣಿಯಲ್ಲಿ ವಿಚಾರಣೆಯಿಲ್ಲದೆ ಜನರನ್ನು ವಜಾ ಮಾಡಿದಾಗ ಗೇಟಿನ ಮುಂದೆ ಹನ್ನೆರಡು ದಿನ ಉಪವಾಸ ಕೂತಿದ್ದವನು ಇವನೇ.

ಮೇಡಮ್ಮಿನ ಹತ್ತಿರ ಕೆಂಪು ಪೆನ್ಸಿಲು ಕೇಳಿದ.

"ಹೋಗ್ಲಿ ಬಿಡಿ, ಯಾರು ಪರೀಕ್ಷೆ ಬರೀತಾರೆ ಅದನ್ನ ನೋಡಿ" ಎಂದಳು ಅವಳು. "ಹೊಡೆದುಹಾಕ್ಬಿಟ್ರೆ ಆಮೇಲೆ ನಿಮ್ಮ ಮಾತು ಯಾರು ನಂಬ್ತಾರೆ?"

"ನಂಬಬಾರ್ದು ಅಂತ್ಲೇ ಕೇಳ್ತಿರೋದು. ಕೊಡಿ ತಾಯಿ."

ಆ ಎರಡು ವರ್ಷದಲ್ಲಿ ತೊಂಬತ್ತನಾಲ್ಕು ತೀರ್ಪುಗಳಿದ್ದವು. ಒಂದೊಂದರ ಮೇಲೂ ಅಡ್ಡಗೆರೆ ಎಳೆದು ಪಕ್ಕದಲ್ಲಿ ‘ರದ್ದು’ ಎಂದು ಬರೆದ. ಕೆಲವು ಅವನಿಗೇ ತುಂಬ ಇಷ್ಟವಾದ ಮಾತುಗಳಾಗಿದ್ದವು, ಬರೆದ ದಿನ ಒಬ್ಬನೇ ಕೂತು ನಕ್ಕಿದ್ದಂಥವು. ಅವಕ್ಕೂ ಗೆರೆ ಬಿತ್ತು. ಸಣ್ಣ ಕೊಳಲಿನವನ ಕೆಳಗೆ ಮಾತ್ರ ಎರಡು ಸಾಲು ಹೆಚ್ಚು ಬರೆದ: "ಇವನು ಕೊನೆತನಕ ದುಡಿದಿದ್ದಾನೆ. ನನಗೆ ಕಿವಿ ಹೋಗಿದೆ. ಟೀಚರ್ ಹೇಳಿದ್ದೇ ಸರಿ, ಅವರು ಮತ್ತೆ ಬಂದರೆ ಓದಲಿ ಅಂತ ಬರೆದಿದ್ದೇನೆ."

ಮಂಗಳವಾರ ಡಬ್ಬಿ ಹಿಡಿದು ಮತ್ತೆ ಬಂದ. ಬರದೆ ಹೋಗಲು ಬೇರೆ ಜಾಗವಿರಲಿಲ್ಲ. ಆಳೆತ್ತರದ ದೊಡ್ಡ ಪಿಟೀಲು ಮತ್ತು ನಗಾರಿಗಳ ರೆಕಾರ್ಡೊಂದನ್ನು ಹಾಕಿ, ಅಂಗೈಯನ್ನು ಮೇಜಿಗೆ ಒತ್ತಿ ಕೂತು ಕೇಳಿದ. ಆಮೇಲೆ ಬರೆದ: "ಕೆಳಗಿನ ಅರ್ಧ ಗಟ್ಟಿಯಾಗಿದೆ. ಇಬ್ಬರೂ ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಟ್ಟು ನುಡಿಸಿದ್ದಾರೆ. ಮೇಲಿನ ಅರ್ಧ ನನ್ನ ವ್ಯಾಪ್ತಿಗೆ ಬರುವುದಿಲ್ಲ. ಕೇಳುವ ಕಿವಿ ಇದ್ದವರು ಕೆಳಗೆ ಬರೆಯಿರಿ." ಬರೆದು ಆರು ಗೆರೆ ಖಾಲಿ ಬಿಟ್ಟ.

ಅಂದಿನಿಂದ ಹಾಗೇ. ನಂಬರು, ತನ್ನ ಅರ್ಧ, ಆರು ಗೆರೆ ಖಾಲಿ. ನಾಲ್ಕು ತಿಂಗಳಲ್ಲಿ ಇಪ್ಪತ್ತೆಂಟು ರೆಕಾರ್ಡು, ನೂರ ಅರವತ್ತೆಂಟು ಗೆರೆ. ಬಂದ ಕೂಡಲೇ ಹಿಂದಿನ ಪುಟಗಳನ್ನು ತಿರುವಿ ನೋಡುವುದು ಅಭ್ಯಾಸವಾಯಿತು. ಮೇಡಮ್ಮು ಒಮ್ಮೆ, "ನಾನೇ ಬರೀಲಾ?" ಎಂದು ಕೇಳಿದಳು. "ನೀವು ಪಾಪ ಅಂತ ಬರೀತೀರಿ. ಬೇಡ" ಎಂದ.

ಒಂದು ಶನಿವಾರ ಕೊನೆಗೂ ಅಕ್ಷರ ಕಂಡಿತು. ಕನ್ನಡಕ ಏರಿಸಿಕೊಂಡು ಓದಿದ. "ಎರಡನೇ ಹೆಡ್‌ಫೋನಿನ ಬಲಗಡೆ ಸದ್ದು ಬರುತ್ತಿಲ್ಲ. ಸರಿ ಮಾಡಿಸಿ."

ಎರಡನೇ ಹೆಡ್‌ಫೋನು ಹಾಕಿಕೊಂಡು ಪರೀಕ್ಷಿಸಿದ. ನಿಜ, ಬಲಗಡೆ ಸತ್ತಿತ್ತು. ಕೆಳಗೆ ಬರೆದ: "ದೂರು ಸರಿಯಿದೆ, ಮೇಡಮ್ಮಿಗೆ ತಿಳಿಸಿದ್ದೇನೆ. ಎಡಗಡೆ ಏನು ಕೇಳಿತು ಅಂತ ಒಂದು ಮಾತು ಬರೆಯಬಹುದಿತ್ತು."

ಆಮೇಲೆ ಪುಟ ತಿರುವಿ ಮುಂದಿನ ನಂಬರು ಹಾಕಿದ.