ನಿಂಬೆಹಣ್ಣು ಹಿಂದಕ್ಕೆ ದಾಟಿದ ಕಾರು

ಕಾರಿನ ಬಣ್ಣ ಕಡುಹಸಿರು ಎಂದು ಬರೆದು, ಅದನ್ನು ಹೊಡೆದುಹಾಕಿ, ಮತ್ತೆ ಬರೆದೆ. ಅಮ್ಮ ಕಪ್ಪು ಎನ್ನುತ್ತಾಳೆ. ಆಗಿನ ಒಂದೇ ಒಂದು ಫೋಟೋದಲ್ಲಿ ಕಾರು, ಹುಣಸೆಮರ, ಅತ್ತೆಯ ಸೀರೆ ಎಲ್ಲವೂ ಬೂದಿಯ ಬಣ್ಣಕ್ಕೇ ಇವೆ. ನನಗೆ ಆಗ ಹತ್ತೋ ಹನ್ನೊಂದೋ ವಯಸ್ಸು. ಆಮೇಲೆ ಕಾಲೇಜಿನಲ್ಲಿ ಇತಿಹಾಸ ಓದಿದೆ, ಸಾಕ್ಷಿ ಕೇಳುವುದನ್ನು ಕಲಿತೆ. ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ: ಇಲ್ಲಿರುವ ಕೆಲವು ವಿವರಗಳು ತಪ್ಪಿರಬಹುದು, ಯಾವುವು ಎಂದು ನನಗೆ ಗೊತ್ತಿಲ್ಲ.

ಅತ್ತೆ ಅಂದರೆ ಅಪ್ಪನ ಅಕ್ಕ. ಅವಳನ್ನು ಯಲಹಂಕಕ್ಕೆ ಕೊಟ್ಟಿದ್ದರು. ಮಾವ ದನದ ಡಾಕ್ಟರು. ಊರೂರು ತಿರುಗುವುದಕ್ಕೆಂದು ಯಾರೋ ಇಂಗ್ಲಿಷಿನವರು ಮಾರಿಹೋದ, ಯುದ್ಧಕ್ಕೂ ಮುಂಚಿನ ಪುಟ್ಟ ಕಾರೊಂದನ್ನು ಕೊಂಡಿದ್ದರು. ಮಕ್ಕಳಿರಲಿಲ್ಲ. ಸಂಜೆ ಕೆಲಸ ಮುಗಿದ ಮೇಲೆ ಕೆರೆ ಏರಿಯ ಪಕ್ಕದ ಮಣ್ಣುದಾರಿಯಲ್ಲಿ ಅತ್ತೆಗೆ ಓಡಿಸುವುದನ್ನು ಕಲಿಸಿದ್ದರು. ಗೇರು ಹಾಕುವಾಗ ಅವಳ ಕೈ ಮೇಲೆ ಅವರ ಕೈ ಇರುತ್ತಿತ್ತಂತೆ. ಇದನ್ನು ಅತ್ತೆ ಅಮ್ಮನಿಗೆ ಹೇಳುತ್ತಿದ್ದಾಗ ನಾನು ಅಲ್ಲೇ ಅವರೆಕಾಯಿ ಬಿಡಿಸುತ್ತಿದ್ದೆ.

ಮಾವ ಜ್ವರದಲ್ಲಿ ತೀರಿಕೊಂಡರು. ಅತ್ತೆ ಮತ್ತಿಕೆರೆಯ ನಮ್ಮ ಮನೆಗೆ ಬಂದಳು. ಅವಳ ಹಿಂದೆಯೇ ಕಾರೂ ಬಂತು, ಒಂದು ಜೊತೆ ಎತ್ತುಗಳಿಂದ ಎಳೆಸಿಕೊಂಡು. ಎಂಜಿನ್ನು ಸೀಳು ಬಿಟ್ಟಿತ್ತು. ಅಂಥದ್ದನ್ನು ಮಾಡುವುದನ್ನು ಕಂಪನಿಯವರೇ ನಿಲ್ಲಿಸಿ ಎಷ್ಟೋ ಕಾಲವಾಗಿತ್ತು. ಓಡುವ ಹಾಗಿದ್ದರೆ ಗಂಡನ ಮನೆಯವರು ಕೊಟ್ಟು ಕಳಿಸುತ್ತಿದ್ದರೇ, ಎನ್ನುತ್ತಾಳೆ ಅಮ್ಮ.

ಕಾರು ಹುಣಸೆಮರದ ಕೆಳಗೆ ನಿಂತಿತು. ಕೋಳಿಗಳು ಒಳಗೆ ಮೊಟ್ಟೆ ಇಟ್ಟವು. ಅತ್ತೆ ದಿನಾ ಬೆಳಿಗ್ಗೆ ಒದ್ದೆ ಬಟ್ಟೆ ತಗೊಂಡು ಅದನ್ನು ಒರೆಸುವಳು. ಒರೆಸಿ ಆದ ಮೇಲೆ ಸ್ವಲ್ಪ ಹೊತ್ತು ಸ್ಟೀರಿಂಗ್ ಚಕ್ರದ ಮುಂದೆ ಕೂತು ಎದ್ದು ಬರುವಳು. ಅಜ್ಜಿಗೆ ಇದನ್ನು ನೋಡಲಾಗುತ್ತಿರಲಿಲ್ಲ. ಮಗಳ ಮೇಲೆ ಕೋಪವೇನೂ ಅಲ್ಲ. ಕಣ್ಣೆದುರಿಗೆ ಅದು ಇರುವವರೆಗೂ ಇವಳ ದುಃಖ ಆರುವುದಿಲ್ಲ ಎಂದು ಅವಳ ಲೆಕ್ಕ. ಕೊನೆಗೆ ಒಂದು ದಿನ ಅಪ್ಪನನ್ನು ಕರೆದು ಹೇಳಿದಳು: “ಆಯುಧಪೂಜೆ ವೊತ್ಗೆ ಅದು ಓಡುದ್ರೆ ಇರ್ಲಿ. ಇಲ್ದಿದ್ರೆ ಗುಜರಿಯವನ್ಗೆ ಕೊಟ್ಬಿಡು.”

ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಯಶವಂತಪುರದ ಲಾರಿ ಗ್ಯಾರೇಜಿನ ಮೇಸ್ತ್ರಿಯೊಬ್ಬ ಅವರ ಸ್ನೇಹಿತ. ಆ ಮೇಸ್ತ್ರಿ ಎಲ್ಲಿಂದಲೋ ಮಿಲಿಟರಿಯವರು ಹರಾಜು ಹಾಕಿದ ಜೀಪಿನ ಎಂಜಿನ್ನನ್ನೂ ಅದರ ಜೊತೆ ಗೇರ್‌ಬಾಕ್ಸನ್ನೂ ಹಿಡಿದು ತಂದ. ಕಾರಿಗಿಂತ ಎಷ್ಟೋ ಹೊಸದು, ಎಷ್ಟೋ ಬಲದ್ದು. ಅದನ್ನು ಇದರೊಳಗೆ ಕೂರಿಸುವುದು ಅವರ ಯೋಚನೆ. ಭಾನುವಾರಗಳಲ್ಲಿ ನಮ್ಮ ಅಂಗಳವೇ ಗ್ಯಾರೇಜಾಯಿತು. ಹುಣಸೆಮರದ ಕೊಂಬೆಗೆ ಸರಪಳಿಯ ರಾಟೆ ಕಟ್ಟಿ ಹಳೆ ಎಂಜಿನ್ನನ್ನು ಮೇಲೆತ್ತಿದಾಗ ಕಾರಿನ ಮೂತಿ ನಿಟ್ಟುಸಿರು ಬಿಟ್ಟಂತೆ ಮೇಲೆದ್ದಿತು. ಹೊಸದು ಉದ್ದವಾಗಿತ್ತು. ರೇಡಿಯೇಟರನ್ನು ಮುಂದಕ್ಕೆ ಸರಿಸಬೇಕಾಯಿತು, ಕಾಲಿಡುವ ಕಡೆ ತಗಡು ಕತ್ತರಿಸಬೇಕಾಯಿತು. ಹಿಂದಿನ ಚಕ್ರ ತಿರುಗಿಸುವ ಶಾಫ್ಟು ಉದ್ದವಾಗಿ, ಅದನ್ನು ಕುಯ್ದು ಮತ್ತೆ ಬೆಸೆದು ತಂದರು. ಪಕ್ಕದ ಮನೆ ದೊಡ್ಡಮ್ಮ ಬೇಲಿಯಾಚೆಯಿಂದ ನೋಡಿ, ಮುದುಕನ ಹೊಟ್ಟೆಗೆ ಹೈದನ ಕರುಳು ಇಡ್ತಾ ಇದ್ದೀರಲ್ಲಪ್ಪ, ಅರಗ್ತದಾ ಎಂದು ಕೇಳಿದಳು. ಮೇಸ್ತ್ರಿ ತಲೆ ಎತ್ತದೆ, ಅರಗೋ ತನಕ ಕೆಮ್ತದೆ ಎಂದ.

ಹಾಗೇ ಆಯಿತು. ಕೆಮ್ಮಿ ಕೆಮ್ಮಿ ಒಂದು ಭಾನುವಾರ ಎಂಜಿನ್ನು ಚಾಲೂ ಆಯಿತು. ಎಲ್ಲರೂ ನಕ್ಕೆವು. ಅತ್ತೆ ಮಾತ್ರ ಸೆರಗು ಸರಿಮಾಡಿಕೊಳ್ಳುತ್ತ ಅಡಿಗೆಮನೆಗೆ ಹೋದಳು. ಅಪ್ಪ ಹಿಂದೆಯೇ ಹೋಗಿ ಏನಕ್ಕ ಎಂದರು.

“ಚೆನ್ನಾಗಿದೆ ಕಣೋ. ಆದ್ರೆ ಕೊರಳು ಅದ್ರದ್ದಲ್ಲ,” ಎಂದಳು ಅತ್ತೆ.

ಮುಂದಿನ ಭಾನುವಾರ ಜೀಪಿನ ಗೇರು ಕಡ್ಡಿಯ ತುದಿಯಲ್ಲಿದ್ದ ಕಬ್ಬಿಣದ ಗುಂಡು ಇರಲಿಲ್ಲ. ಅದರ ಜಾಗದಲ್ಲಿ ಕಾರಿನ ಹಳೆ ಗೇರು ಕಡ್ಡಿಯ ಕಂದು ಗುಂಡು ಕೂತಿತ್ತು, ಮಾವನ ಹೆಬ್ಬೆರಳು ಸವೆಸಿದ ಮಗ್ಗುಲು ಮೇಲೆ ಬರುವ ಹಾಗೆ. ಕಡ್ಡಿಯ ತಿರುಪಿನ ಸುತ್ತೂ ಗುಂಡಿನ ಸುತ್ತೂ ಒಂದಕ್ಕೊಂದು ಹೊಂದುತ್ತಿರಲಿಲ್ಲವಂತೆ. ಅಪ್ಪ ನಡುವೆ ಸಣ್ಣದೊಂದು ಹಿತ್ತಾಳೆಯ ಬಿರಡೆ ಕಡೆದು ಕೂರಿಸಿದ್ದರು.

ಒಂದು ವಿಷಯ ಇಲ್ಲಿ ಹೇಳಲೇಬೇಕು. ಹಳೆಯದರಲ್ಲಿ ಕಡ್ಡಿಯನ್ನು ಎಡಕ್ಕೆ ತಂದು ಮುಂದಕ್ಕೆ ದೂಡಿದರೆ ಮೊದಲನೇ ಗೇರು. ಜೀಪಿನದರಲ್ಲಿ ಅದೇ ಜಾಗದಲ್ಲಿ ರಿವರ್ಸ್. ಮೊದಲನೆಯದು ಬೇಕಾದರೆ ಎಡಕ್ಕೆ ತಂದು ಹಿಂದಕ್ಕೆ ಎಳೆಯಬೇಕು. ಅಪ್ಪ ಇದನ್ನು ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಗೀಚಿ ತೋರಿಸಿದರು. ಅತ್ತೆ ಎಂಜಿನ್ನು ಬಂದ್ ಮಾಡಿದ ಕಾರಿನಲ್ಲಿ ಕೂತು ಅಭ್ಯಾಸ ಮಾಡಿದಳು. ಪಕ್ಕದ ಸೀಟಿನಲ್ಲಿ ನಾನಿರುತ್ತಿದ್ದೆ, ಮೊದಲನೆಯದು, ಎರಡನೆಯದು, ರಿವರ್ಸ್ ಎಂದು ಮೇಷ್ಟ್ರ ಹಾಗೆ ಕೂಗುತ್ತಿದ್ದೆ. ಅವಳ ಕೈ ತಪ್ಪಿದ್ದನ್ನು ನಾನು ನೋಡಲೇ ಇಲ್ಲ.

ಆಯುಧಪೂಜೆಯ ಬೆಳಿಗ್ಗೆ ಕಾರಿಗೆ ಚೆಂಡುಹೂವಿನ ಹಾರ, ಬಾಳೆಕಂದು, ಮುಂದೆ ಕುಂಬಳಕಾಯಿ. ಹಳೆ ಎಂಜಿನ್ನನ್ನೂ ಬಿಡಲಿಲ್ಲ. ಗೋಣಿಯ ಮೇಲೆ ಕೂತಿದ್ದ ಅದಕ್ಕೂ ಅಪ್ಪ ಅರಿಶಿನ ಕುಂಕುಮ ಹಚ್ಚಿದರು. ನಾಲ್ಕೂ ಚಕ್ರದ ಮುಂದೆ ನಿಂಬೆಹಣ್ಣು ಇಟ್ಟರು. ಇನ್ನು ಗಾಡಿ ಅವುಗಳ ಮೇಲೆ ಹಾಯಬೇಕು.

ಹಿತ್ತಲಲ್ಲಿ ನಡೆದ ಮಾತು ಅಪ್ಪನಿಗೆ ಗೊತ್ತಿರಲಿಲ್ಲ. ನೀರು ತರಲು ಹೋದ ನನಗೆ ಕೇಳಿಸಿತ್ತು. ಅಜ್ಜಿಯೂ ಗಂಡನನ್ನು ಕಳೆದುಕೊಂಡವಳು, ಇಂಥ ಪೂಜೆಗಳಲ್ಲಿ ಬಾಗಿಲ ಮರೆಯಲ್ಲೇ ನಿಲ್ಲುವುದು ಅವಳ ರೂಢಿ. ಮಗಳ ಕೈ ಹಿಡಿದುಕೊಂಡು ಬೇಡುವ ದನಿಯಲ್ಲಿ ಹೇಳುತ್ತಿದ್ದಳು: “ನಿಂಬೆಅಣ್ಣು ಅತ್ಸೋದು ಒಂದು ನಿನ್ ತಮ್ಮ ಮಾಡ್ಲಿ ಕಣವ್ವ. ಆಮೇಕೆ ನೀನೇ ಎಲ್ಲಿಗಾದ್ರೂ ಓಡುಸ್ಕೊ. ಜನ ಆಡ್ಕೊಂಡ್ರೆ ನನ್ಗೆ ತಡ್ಕಳಾಕಾಗಲ್ಲ.” ಅತ್ತೆ ಹೂಂ ಎಂದಳೋ ಊಹೂಂ ಎಂದಳೋ, ಕೊಡ ತುಂಬುವ ಸದ್ದಿನಲ್ಲಿ ಕೇಳಿಸಲಿಲ್ಲ.

ಅಂಗಳದಲ್ಲಿ ಬೀದಿಯ ಜನವೆಲ್ಲ ಸೇರಿತ್ತು. ಅಪ್ಪ ಆರತಿ ಮುಗಿಸಿ ಜೇಬಿನಿಂದ ಬೀಗದ ಕೈ ತೆಗೆದು, ಯಾರ ಕಡೆಗೂ ನೋಡದೆ ಅತ್ತೆಗೆ ಕೊಟ್ಟರು. “ನಿನ್ ಗಾಡಿ, ನೀನೇ ತೆಗಿಯಕ್ಕ.” ಬೇಲಿಯ ಹತ್ತಿರ ಪಿಸುಮಾತು ಎದ್ದಿತು. ಅತ್ತೆ ಒಂದು ಸಲ ಬಾಗಿಲ ಮರೆಯತ್ತ ನೋಡಿದಳು. ಕೂತಳು. ಎಂಜಿನ್ನು ಶುರುವಾಯಿತು. ಅವಳ ಕೈ ಕಂದು ಗುಂಡಿನ ಮೇಲೆ ಹೋಯಿತು. ಕಾರು ಎರಡು ಮೊಳ ಹಿಂದಕ್ಕೆ ಹೋಗಿ ಗಕ್ಕನೆ ನಿಂತುಬಿಟ್ಟಿತು.

ನಿಂಬೆಹಣ್ಣುಗಳು ಇಟ್ಟಲ್ಲೇ ಇದ್ದವು. ನಾಲ್ಕೂ ಹಾಗೇ, ಹಳದಿಯಾಗಿ.

ಗುಂಡಿನದೇ ತಪ್ಪು ಎಂದು ಮೇಸ್ತ್ರಿ ಅಪ್ಪನ ಕಿವಿಯಲ್ಲಿ ಹೇಳಿದನಂತೆ: ಹಿಡಿಯೋದು ಹಳೇದು ಕೊಟ್ಟು ದಾರಿ ಹೊಸದು ಕೊಟ್ರೆ ಕೈ ಏನ್ ಮಾಡ್ತದೆ. ದೊಡ್ಡಮ್ಮ ಮಾತ್ರ ಎಲ್ಲರಿಗೂ ಕೇಳುವ ಹಾಗೆ, ಮುಂದಕ್ ಓಗೋ ಯೋಗ ಇಲ್ಲ ಅಂದ್ರೆ ಇಂಗೇ, ಎಂದಳು. ಅತ್ತೆ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಕೂತೇ ಇದ್ದಳು. ಅವಳು ಇಳಿದಿದ್ದರೆ ಮತ್ತೆ ಹತ್ತುತ್ತಿರಲಿಲ್ಲ ಎಂದು ಇವತ್ತೂ ನನಗೆ ಅನ್ನಿಸುತ್ತದೆ.

ಆಗ ಅಜ್ಜಿ ಬಾಗಿಲ ಮರೆಯಿಂದ ಹೊರಗೆ ಬಂದಳು. ಜಗುಲಿ ಇಳಿದು, ಮಂಡಿ ಹಿಡಿದುಕೊಂಡು ಬಗ್ಗಿ, ಒಂದೊಂದೇ ನಿಂಬೆಹಣ್ಣು ಹೆಕ್ಕಿ ಸೆರಗಿಗೆ ಹಾಕಿಕೊಂಡಳು. ಕಾರಿನ ಸುತ್ತ ಹೋಗಿ ನಾಲ್ಕನ್ನೂ ಚಕ್ರಗಳ ಹಿಂದೆ ಇಟ್ಟಳು. ಕಿಟಕಿಯ ಹತ್ತಿರ ಬಂದು ನಿಂತಳು.

“ಇನ್ನೊಂದು ಸಲ ಅಂಗೇ ಮಾಡವ್ವ.”

ಅಜ್ಜಿ ಹಣ್ಣು ಇಟ್ಟಿದ್ದು ನಿಜ, ಆದರೆ ಬಾಯಿಬಿಟ್ಟು ಏನೂ ಹೇಳಲಿಲ್ಲ ಎನ್ನುತ್ತಾಳೆ ಅಮ್ಮ. ಇರಬಹುದು. ಆ ಮಾತು ನನ್ನ ಕಿವಿಯಲ್ಲಿದೆ, ಹೇಗೆ ಬಂತೋ ತಿಳಿಯದು. ಕಾರು ಹಿಂದಕ್ಕೆ ಹೋಯಿತು, ನಿಂಬೆಹಣ್ಣುಗಳು ಪಚಕ್ಕೆಂದವು, ಅಂಗಳಕ್ಕೆಲ್ಲ ಆ ವಾಸನೆ. ಮೇಸ್ತ್ರಿ ನಕ್ಕ, ಜನವೂ ನಕ್ಕರು. ಅಪ್ಪ ಹುಣಸೆಮರದ ಕಡೆ ತಿರುಗಿಕೊಂಡು ಕೈ ಒರೆಸಿಕೊಳ್ಳುತ್ತಲೇ ಇದ್ದರು. ಆ ಕೈ ಅಷ್ಟೇನೂ ಕೊಳೆಯಾಗಿರಲಿಲ್ಲ. ಆಮೇಲೆ ಅತ್ತೆ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಬ್ಬಾಳದ ಕೆರೆಯವರೆಗೆ ಹೋಗಿಬಂದಳು. ಅಜ್ಜಿಯ ಮಡಿಲ ತುಂಬ ಕಡ್ಲೆಪುರಿ.

ಗುಜರಿಯವನ ಮಾತು ಮತ್ತೆ ಮನೆಯಲ್ಲಿ ಬರಲಿಲ್ಲ. ಕಾರು ಇನ್ನೂ ಇದೆ, ಅತ್ತೆಯೂ ಓಡಿಸುತ್ತಾಳೆ. ನನ್ನ ಬಿ.ಎ. ಪರೀಕ್ಷೆಗಳಿಗೆ ಅವಳೇ ಬಿಟ್ಟುಬಂದಳು. ಕೊನೆಯ ದಿನ ಯಶವಂತಪುರದ ರೈಲ್ವೆ ಗೇಟು ಹಾಕಿತ್ತು, ಗೂಡ್ಸ್ ಗಾಡಿ ಮುಗಿಯುವ ಹಾಗೇ ಕಾಣಲಿಲ್ಲ. ಅತ್ತೆಯ ಹೆಬ್ಬೆರಳು ಗುಂಡಿನ ಸವೆದ ಮಗ್ಗುಲ ಮೇಲೆ ಸುಮ್ಮನೆ ಆಡುತ್ತಿತ್ತು. ಹಿತ್ತಲ ಮಾತು ಕೇಳಿಸಿಕೊಂಡಿದ್ದನ್ನು ಅವತ್ತು ಮೊದಲ ಸಲ ಅವಳಿಗೆ ಹೇಳಿದೆ. ಹೇಳಿ, ಇಷ್ಟು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡಿದ್ದ ಪ್ರಶ್ನೆ ಕೇಳಿದೆ. ಗೇಟು ತೆರೆಯಿತು, ಅವಳು ಕಡ್ಡಿಯನ್ನು ಎಡಕ್ಕೆ ತಂದು ಹಿಂದಕ್ಕೆ ಎಳೆದಳು, ಮೊದಲನೇ ಗೇರು, ಕಾರು ಮುಂದಕ್ಕೆ ಹೋಯಿತು. ಉತ್ತರ ಅವತ್ತೂ ಬರಲಿಲ್ಲ, ಇವತ್ತಿಗೂ ಬಂದಿಲ್ಲ.

“ಅತ್ತೆ, ಅವತ್ತು ನಿನ್ ಕೈ ತಪ್ಪಿತ್ತಾ, ಇಲ್ಲಾ ಅಜ್ಜಿ ಮಾತಿಗೋಸ್ಕರ ನೀನೇ ಹಿಂದಕ್ಕೆ ಬಿಟ್ಯಾ?”