ಠಾಣೆ ಮುಂದೆ ಕೂತು ಬಿಡಿಸಿದ ಬೈಕು

ಕೋಲಾರದಿಂದ ಮುಳಬಾಗಿಲಿಗೆ ಹೋಗುವ ಹೈವೇಯಲ್ಲಿ ಭಾನುವಾರ ಬೆಳಿಗ್ಗೆ ಹೋದರೆ, ಡಿವೈಡರ್ ಒಡೆದಿರುವ ಒಂದು ಕಡೆ ವಯಸ್ಸಾದವನೊಬ್ಬ ಕೆಂಪು ಟವೆಲ್ ಬೀಸುತ್ತ ನಿಂತಿರುವುದು ಕಾಣುತ್ತದೆ. ಹುಚ್ಚನಿರಬೇಕು ಅಂದುಕೊಂಡು ಹೋಗುವವರೇ ಜಾಸ್ತಿ. ಹುಚ್ಚನಲ್ಲ. ಹೆಸರು ಆವಲಪ್ಪ, ವಯಸ್ಸು ಅರವತ್ತೊಂದು. ಒಂದೂವರೆ ಎಕರೆ ಹಿಪ್ಪುನೇರಳೆ, ಒಂದಿಷ್ಟು ರಾಗಿ ಹೊಲ. ಮೂವತ್ತೈದು ವರ್ಷ ಊರಿನ ಹೋರಾಟಗಳಲ್ಲಿ ನಮ್ಮ ಜೊತೆ ಬೀದಿಯಲ್ಲಿದ್ದವನು. ನೀರಿಗೆ ಕೂಗಿದ, ಹಾಲಿನ ದರಕ್ಕೆ ಕೂಗಿದ, ಸ್ಮಶಾನದ ಜಾಗಕ್ಕೆ ಕೂಗಿದ. ಇವನಿದ್ದರೆ ಮೈಕಿನ ಬಾಡಿಗೆ ಉಳಿಯುತ್ತಿತ್ತು.

ಆವಲಪ್ಪನಿಗೆ ಇನ್ನೊಂದು ಕೆಲಸ ಚೆನ್ನಾಗಿ ಬರುತ್ತಿತ್ತು. ಠಾಣೆಯಿಂದ ಬಿಡಿಸುವುದು. ನಮ್ಮವರನ್ನು ಪೊಲೀಸರು ಹಿಡಿದರೆ, ಯಾಕೆ ಹಿಡಿದರು ಅಂತ ಕೇಳುವ ಪದ್ಧತಿ ನಮ್ಮಲ್ಲಿರಲಿಲ್ಲ. ಮೊದಲು ಠಾಣೆ ಮುಂದೆ ಕೂರುವುದು, ಆಮೇಲೆ ವಿಚಾರಿಸುವುದು. ಸುಳ್ಳು ಕೇಸುಗಳ ಕಾಲದಲ್ಲಿ ಕಲಿತ ಪಾಠ ಅದು. ಆ ಕಾಲಕ್ಕೆ ತಪ್ಪೂ ಆಗಿರಲಿಲ್ಲ. ಮೊದಲು ಮನುಷ್ಯರನ್ನು ಬಿಡಿಸುತ್ತಿದ್ದೆವು. ಬರಬರುತ್ತ ಹುಡುಗರ ಬೈಕುಗಳನ್ನು ಬಿಡಿಸತೊಡಗಿದೆವು. ಲೈಸೆನ್ಸ್ ಇಲ್ಲದವು, ಹೆಲ್ಮೆಟ್ ಇಲ್ಲದವು, ಸೈಲೆನ್ಸರ್ ಕಿತ್ತವು. ರ್‍ಯಾಲಿಗೆ ಬೈಕ್ ಬೇಕು, ಬೈಕಿಗೆ ಹುಡುಗರು ಬೇಕು. ಬಾವುಟ ಕಟ್ಟಿಕೊಂಡು, ಹೆಲ್ಮೆಟ್ ಇಲ್ಲದೆ, ಹಾರ್ನ್ ಒತ್ತಿಕೊಂಡು ಹೈವೇ ತುಂಬ ಹೋಗುವುದನ್ನು ಅವರಿಗೆ ಕಲಿಸಿದ್ದು ಹೊರಗಿನವರಲ್ಲ. ಆವಲಪ್ಪನ ಮಗ ಕದಿರೇಶ ಹದಿನಾರು ವರ್ಷಕ್ಕೇ ಅಂಥದೊಂದು ರ್‍ಯಾಲಿಯ ಮುಂದಿನ ಗಾಡಿ ಓಡಿಸಿದ. ಹಿಂದೆ ಕೂತು ಅವನ ಭುಜ ತಟ್ಟುತ್ತ "ಇನ್ನೂ ಜೋರಾಗಿ ಬಿಡೋ!" ಅಂದವನು ಅಪ್ಪ.

ಡಿವೈಡರ್ ಒಡೆದವನೂ ಆವಲಪ್ಪನೇ. ಹೈವೇ ಅಗಲ ಮಾಡಿದಾಗ ಊರು ಈಚೆ ಉಳಿಯಿತು, ಹಿಪ್ಪುನೇರಳೆ ತೋಟಗಳೆಲ್ಲ ಆಚೆ ಹೋದವು. ಅಂಡರ್‌ಪಾಸ್ ಒಂದೂವರೆ ಕಿಲೋಮೀಟರ್ ದೂರ. ಹೋಗಿಬರಲು ಮೂರು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ, ರೇಷ್ಮೆ ಹುಳಕ್ಕೆ ದಿನಕ್ಕೆ ಮೂರು ನಾಲ್ಕು ಸಲ ಸೊಪ್ಪು ಹಾಕಬೇಕು, ಬಾಡಿದ್ದನ್ನು ಅದು ಮೂಸುವುದಿಲ್ಲ. ಹೆಂಗಸರು ತಲೆ ಮೇಲೆ ಹೊರೆ ಹೊತ್ತು ಎಷ್ಟು ಸುತ್ತಿಯಾರು? ಅರ್ಜಿ ಕೊಟ್ಟೆವು, ಕೂತೆವು, ಕೂಗಿದೆವು. ಆಗಲಿಲ್ಲ. ಒಂದು ದಿನ ಆವಲಪ್ಪ ಹಾರೆ ಹಿಡಿದ, ಅಷ್ಟೇ. ಸಂದು ಆಯಿತು. ಮುಚ್ಚಿಸಲು ಬಂದವರನ್ನು ಎರಡು ಸಲ ಓಡಿಸಿದೆವು. ಹೆಂಗಸರು ತೆಂಗಿನಕಾಯಿ ಒಡೆದು ಅದಕ್ಕೆ ಆವಲಪ್ಪನ ಸಂದು ಅಂತ ಹೆಸರಿಟ್ಟರು.

ಭಾನುವಾರ ಬೆಳಿಗ್ಗೆ ಆ ರಸ್ತೆ ಬೇರೆಯೇ ಆಗುತ್ತದೆ. ಬೆಂಗಳೂರಿನಿಂದ ದೊಡ್ಡ ದೊಡ್ಡ ಬೈಕುಗಳು ಮುಳಬಾಗಿಲಿಗೆ ದೋಸೆ ತಿನ್ನಲು ಬರುತ್ತವೆ. ಗಂಟೆಗೆ ನೂರೈವತ್ತು, ನೂರಾ ಎಂಬತ್ತರ ವೇಗ. ಗಾಡಿ ಹೋದ ಮೇಲೇ ಸದ್ದು ಬಂದ ಹಾಗಿರುತ್ತದೆ. ನಮ್ಮ ಹುಡುಗರಿಗೆ ಅದನ್ನು ಕಂಡರೆ ತಡೆಯಲಾಗದು. ಮಾಲೂರು, ಶ್ರೀನಿವಾಸಪುರದಿಂದಲೂ ಬಂದು ಸರ್ವೀಸ್ ರೋಡಿನಲ್ಲಿ ಕಾದು, ತಮ್ಮ ಸಣ್ಣ ಗಾಡಿಗಳಲ್ಲಿ ಅವರ ಬೆನ್ನು ಹತ್ತುತ್ತಾರೆ. ಕದಿರೇಶ ಅವರಲ್ಲಿ ಮುಂದಿನವನು. ಇಪ್ಪತ್ತಮೂರು ವರ್ಷ, ನರಸಾಪುರದ ಕಾರ್ಖಾನೆಯೊಂದರಲ್ಲಿ ಗುತ್ತಿಗೆ ಕೆಲಸ. ವಾರವಿಡೀ ಒಂದೇ ಬೋಲ್ಟನ್ನು ತಿರುಗಿಸುವವನು ಭಾನುವಾರ ಎರಡು ನಿಮಿಷ ಬೆಂಗಳೂರಿನವರಿಗಿಂತ ಮುಂದಿರುತ್ತಿದ್ದ. ಅದರ ವಿಡಿಯೋ ವಾರವಿಡೀ ನೋಡುತ್ತಿದ್ದ.

"ಸಾಯ್ತೀಯ ಕಣೋ," ಅಂದ ಅಪ್ಪ ಒಂದು ದಿನ.

"ಸತ್ರೆ ನಾನ್ ತಾನೇ ನಾಯ್ನಾ ಸಾಯೋದು? ನೀನ್ ಧಿಕ್ಕಾರ ಕೂಗು."

ಆವಲಪ್ಪ ನಕ್ಕುಬಿಟ್ಟ. ಆದರೆ ಆ ದಿನದಿಂದ ಅವನಿಗೆ ನಿದ್ದೆ ಸರಿಯಾಗಿ ಹತ್ತುತ್ತಿರಲಿಲ್ಲ. ಹೇಗಾದರೂ ಮಾಡಿ ಇವನ ಕೈಯಿಂದ ಆ ಬೈಕ್ ಬಿಡಿಸಬೇಕು ಅಂತ ಹೆಂಡತಿ ಗಂಗರತ್ನಮ್ಮನ ಹತ್ತಿರ ನೂರು ಸಲ ಹೇಳಿದ್ದ.

ಆ ಕೆಲಸವನ್ನು ಬೇರೊಬ್ಬರು ಮಾಡಿಕೊಟ್ಟರು. ಠಾಣೆಗೆ ಹೊಸದಾಗಿ ಸುಮೇಧಾ ಅಂತ ಒಬ್ಬ ಹೆಣ್ಣುಮಗಳು ಎಸ್‌ಐ ಆಗಿ ಬಂದಿದ್ದರು. ಒಂದು ಗುರುವಾರ ಕದಿರೇಶ ಮುಂದಿನ ಚಕ್ರ ಎತ್ತಿಕೊಂಡು ಹೋಗುವಾಗ ಹಿಡಿದು, ಬೈಕ್ ಠಾಣೆಯಲ್ಲಿ ನಿಲ್ಲಿಸಿಕೊಂಡರು.

ಒಳಗೊಳಗೇ ಸಮಾಧಾನ ಆಯಿತು ಅಂತ ಆವಲಪ್ಪ ಆಮೇಲೆ ಹೇಳಿದ. ಆದರೆ ಸಂಜೆಗೆ ಊರೇ ಬಾಗಿಲಿಗೆ ಬಂದಿತ್ತು. ಮಾಜಿ ಪಂಚಾಯ್ತಿ ಮೆಂಬರ್ ಚನ್ನರಾಯಪ್ಪ, "ಏನಣ್ಣ, ಊರೋರ ಗಾಡಿ ಎಲ್ಲಾ ಬಿಡಿಸ್ದೆ, ಈಗ ಸ್ವಂತ ಮಗಂದು ಅಂತ ಸುಮ್ನಿದೀಯಾ?" ಅಂದ. ಪಕ್ಕದ ಮನೆ ಶ್ಯಾಮಲಮ್ಮ, "ನಾಳೆ ಬೆಳಿಗ್ಗೆ ಹೋಗಿ ಕೂರೋಣ ಏಳು. ಚಿತ್ರಾನ್ನ ನಾನ್ ಕಲಸ್ಕೊಂಡ್ ಬರ್ತೀನಿ" ಅಂದಳು. ಮೂವತ್ತೈದು ವರ್ಷದ ಅಭ್ಯಾಸ. ಆವಲಪ್ಪ ಎದ್ದ.

ಶುಕ್ರವಾರ ಮೂವತ್ತು ಜನ ತಮಟೆ ಸಮೇತ ಕೂತೆವು. ಸುಮೇಧಾ ಹೊರಗೆ ಬಂದರು.

"ಆವಲಪ್ಪನವರೇ, ನಿಮ್ಮ ಮಗ ಒಂದೇ ಚಕ್ರದಲ್ಲಿ ಹೋಗ್ತಿದ್ದ. ಹಿಂದೆ ಬಸ್ಸಿತ್ತು. ಗಾಡಿ ಕೋರ್ಟಿಗೆ ಹೋಗ್ಲಿ ಬಿಡಿ. ಒಂದು ತಿಂಗಳು ನಡ್ಕೊಂಡು ಓಡಾಡಿದ್ರೆ ಏನೂ ಆಗಲ್ಲ."

"ಬೆಂಗಳೂರಿನೋರ ಗಾಡಿ ಎಷ್ಟು ಹಿಡಿದಿದ್ದೀರಮ್ಮಾ ಇಲ್ಲಿವರ್ಗೂ?" ಅಂದ ಆವಲಪ್ಪ. "ಹತ್ತು ಲಕ್ಷದ ಗಾಡಿಗೆ ಸಲಾಮು, ನಮ್ಮ ಹುಡುಗರ ಗಾಡಿಗೆ ಬೀಗ?"

ಆಕೆ ತಿರುಗಿ ಒಳಗೆ ಹೋದರು. ಮಾತು ಸುಳ್ಳಾಗಿರಲಿಲ್ಲವಲ್ಲ.

ಶ್ಯಾಮಲಮ್ಮ ಕಾನ್‌ಸ್ಟೇಬಲ್ ಮುಂದೆ ಕೈ ತಿರುಗಿಸಿ, "ವಯಸ್ಸಿನ ಹುಡುಗ ಸ್ವಾಮಿ. ಬೈಕು ಜೋರಾಗಿ ಓಡಿಸ್ದೆ ಎತ್ತಿನ ಗಾಡಿ ಓಡಿಸ್ಬೇಕಾ?" ಅಂದಾಗ ಆ ಪೊಲೀಸನೂ ನಕ್ಕ. ನಾವು ಕೊಟ್ಟ ಮನವಿಯಲ್ಲಿ ಎರಡು ಬೇಡಿಕೆ. ಬೈಕ್ ಬಿಡಬೇಕು. ಎಸ್‌ಐಯನ್ನು ಎತ್ತಂಗಡಿ ಮಾಡಬೇಕು. ಎರಡನೆಯದು ಬರೆಯಬೇಕಲ್ಲ ಅಂತ ಬರೆದದ್ದು.

ಶನಿವಾರ ಮಧ್ಯಾಹ್ನ ಮೇಲಿನಿಂದ ಫೋನ್ ಬಂತು. ಸುಮೇಧಾ ಬೈಕಿನ ಕೀಯನ್ನು ಕದಿರೇಶನಿಗೆ ಕೊಡಲಿಲ್ಲ. ಅಪ್ಪನ ಅಂಗೈಯಲ್ಲಿಟ್ಟರು.

"ನಿಮ್ಮ ಕೈಗೆ ಕೊಡ್ತಿದ್ದೀನಿ. ಆಮೇಲೆ ಯಾರಿಗೆ ಕೊಡ್ತೀರೋ ನಿಮಗೆ ಬಿಟ್ಟಿದ್ದು."

ಆವಲಪ್ಪ ಕೀಯನ್ನು ಎತ್ತಿ ಹಿಡಿದ. ಜೈಕಾರ ಆಯಿತು, ತಮಟೆ ಮೊಳಗಿತು. ಅಷ್ಟು ಜನರ ಮುಂದೆ ಕೀಯನ್ನು ಜೇಬಿಗೆ ಹಾಕಿಕೊಳ್ಳುವುದು ಹೇಗೆ? ಮಗನಿಗೆ ಕೊಟ್ಟ. ಶ್ಯಾಮಲಮ್ಮ ಸೀರೆ ಎತ್ತಿ ಕಟ್ಟಿ ಹಿಂದಿನ ಸೀಟಿಗೆ ಹತ್ತಿ, "ನಿಧಾನ ಕಣೋ, ಹೊಟ್ಟೆ ತೊಳಸ್ತೈತೆ" ಅಂತ ನಗುತ್ತ ಅದೇ ಬೈಕಿನಲ್ಲಿ ಊರಿಗೆ ಬಂದಳು.

ಮಾರನೆಯ ದಿನ ಬೆಳಿಗ್ಗೆ ಏಳೂವರೆಗೆ ಅದೇ ಬೈಕು ಅವಳಿಗೆ ಬಡಿಯಿತು.

ಅವಳ ಹುಳು ನಾಲ್ಕನೇ ಜ್ವರ ಎದ್ದಿತ್ತು. ಸೊಪ್ಪಿನ ಹೊರೆ ಹೊತ್ತು ಸಂದಿನಲ್ಲಿ ನಿಂತಿದ್ದಳು. ಹೊರೆ ಎರಡೂ ಕಿವಿ ಮುಚ್ಚಿ ಭುಜಕ್ಕೆ ಇಳಿದಿತ್ತು. ಬೆಂಗಳೂರಿನ ಮೂರು ಬೈಕ್ ಹೋದವು. ಮುಗಿಯಿತು ಅಂದುಕೊಂಡು ಕಾಲಿಟ್ಟಳು. ಅವರ ಬೆನ್ನು ಹತ್ತಿದ್ದ ನಾಲ್ಕನೆಯದು ಕದಿರೇಶನದು. ಆವಲಪ್ಪ ತೋಟದಿಂದ ಓಡಿ ಬಂದಾಗ ಸೊಪ್ಪು ರಸ್ತೆ ತುಂಬ ಚೆಲ್ಲಿತ್ತು. ಅಂಗೈ ಚರ್ಮ ಕಿತ್ತುಹೋದ ಮಗ ರಸ್ತೆಯಲ್ಲಿ ಕೂತು, "ಕಾಣಿಸ್ಲಿಲ್ಲ ನಾಯ್ನಾ, ಕಾಣಿಸ್ಲಿಲ್ಲ" ಅನ್ನುತ್ತಿದ್ದ. ಕೋಲಾರದ ಆಸ್ಪತ್ರೆ ಮುಟ್ಟುವ ಮೊದಲೇ ಶ್ಯಾಮಲಮ್ಮ ಹೋದಳು.

ಪೊಲೀಸರು ಬರುವ ಹೊತ್ತಿಗೆ ಬೈಕು ಚನ್ನರಾಯಪ್ಪನ ಹುಳು ಮನೆಯಲ್ಲಿತ್ತು, ಕದಿರೇಶ ಸೋದರತ್ತೆ ಊರಿನಲ್ಲಿದ್ದ.

ಮಧ್ಯಾಹ್ನ ಆವಲಪ್ಪನ ಜಗಲಿಯಲ್ಲಿ ಮಾತಾಯಿತು.

"ಬೆಂಗಳೂರು ಗಾಡಿ ಮೂರು ಹೋದ್ವಲ್ಲ, ಅದರಲ್ಲೊಂದು ಹೊಡೀತು. ಅಷ್ಟೇ," ಅಂದ ಚನ್ನರಾಯಪ್ಪ.

"ಹೊಡೆದೋನು ನನ್ನ ಮಗ ಕಣಯ್ಯ."

"ಗೊತ್ತಿಲ್ದೆ ಹೇಳ್ತಿದೀನಾ? ಗೊತ್ತಿರೋದಕ್ಕೇ ಹೇಳ್ತಿರೋದು."

ಆವಲಪ್ಪ ಶ್ಯಾಮಲಮ್ಮನ ಗಂಡ ಕೋದಂಡರಾಮಪ್ಪನ ಕಡೆ ನೋಡಿದ. ಈತನಾದರೂ ಎದ್ದು ತನ್ನ ಕೆನ್ನೆಗೆ ಬಾರಿಸಲಿ ಅಂತ ಕಾದ. ಕೋದಂಡರಾಮಪ್ಪ ನೆಲ ನೋಡುತ್ತ, "ಅವನು ಒಳಗೆ ಹೋದ್ರೆ ಇವಳು ಎದ್ದು ಬರ್ತಾಳಾ? ನಾಳೆ ಇದೇ ಬೀದೀಲಿ ನಿನ್ ಮುಖ ನಾನು, ನನ್ ಮುಖ ನೀನು ನೋಡ್ಬೇಕಲ್ಲಪ್ಪ. ಪೋನಿ, ಹೋಗ್ಲಿ ಬಿಡು" ಅಂದ.

ಒಳಗಿನಿಂದ ಗಂಗರತ್ನಮ್ಮ ಬಂದು ಗಂಡನ ಮುಂದೆ ನಿಂತಳು. "ಊರೋರ ಮಕ್ಕಳನ್ನೆಲ್ಲ ಬಿಡಿಸಿಕೊಂಡು ಬಂದೋನು ನೀನು. ಹೆತ್ತ ಮಗನ್ನ ನೀನೇ ಹಿಡಿದು ಕೊಡ್ತೀಯಾ? ಕೊಡು. ಆಮೇಲೆ ಈ ಮನೇಲಿ ಒಬ್ನೇ ಬೇಯಿಸ್ಕೊಂಡ್ ತಿನ್ನು."

ಸೋಮವಾರ ಹೆಣವನ್ನು ಹೈವೇ ಮೇಲಿಟ್ಟು ರಸ್ತೆ ತಡೆ ನಡೆಯಿತು. ಬೆಂಗಳೂರಿನ ಬೈಕ್ ಪುಂಡರನ್ನು ಬಂಧಿಸಬೇಕು, ಇಲ್ಲೇ ಇನ್ನೊಂದು ಅಂಡರ್‌ಪಾಸ್ ಕಟ್ಟಬೇಕು. ಘೋಷಣೆ ಎತ್ತಿಕೊಡಲು ಆವಲಪ್ಪನನ್ನು ಮುಂದೆ ತಳ್ಳಿದರು. ಕೂಗಿದ. ಅವನ ಗಂಟಲು ಚೆನ್ನಾಗಿಯೇ ಇತ್ತು, ದೂರಕ್ಕೆ ಕೇಳಿಸಿತು. ನಾವೂ ಜೊತೆಗೆ ಕೂಗಿದೆವು. ನಮಗೂ ಎಲ್ಲ ಗೊತ್ತಿತ್ತು.

ಸುಮೇಧಾ ಜನರನ್ನು ದಾಟಿಕೊಂಡು ನೇರ ಅವನ ಹತ್ತಿರ ಬಂದರು.

"ಯಾವ ಗಾಡಿ ಆವಲಪ್ಪನವರೇ?"

"ನೋಡ್ಲಿಲ್ಲಮ್ಮ."

"ಆ ಕೀ ಈಗ ಯಾರ ಹತ್ರ ಇದೆ?"

ಅವನು ಹೆಣದ ಕಡೆ ತಿರುಗಿಕೊಂಡ. ಹಿಂದಿನಿಂದ ಚನ್ನರಾಯಪ್ಪ, "ಪೊಲೀಸ್ ದೌರ್ಜನ್ಯಕ್ಕೆ..." ಅಂದ. ಜನ "ಧಿಕ್ಕಾರ" ಅಂದರು.

ಆಕೆ ಬಿಡುವವರಲ್ಲ ಅನ್ನಿಸಿತ್ತು. ಮಂಗಳವಾರ ಊರಿಗೆ ಬಂದು ನಾಲ್ಕು ಮನೆ ವಿಚಾರಿಸಿದರು. ಬುಧವಾರ ಎತ್ತಂಗಡಿ ಆದೇಶ ಬಂತು. ನೀರು ಕೇಳಿದ್ದೆವು, ಬರಲಿಲ್ಲ. ಸ್ಮಶಾನ ಕೇಳಿದ್ದೆವು, ಇನ್ನೂ ಸರ್ವೆ ಆಗುತ್ತಿದೆ. ಮೂವತ್ತೈದು ವರ್ಷದಲ್ಲಿ ನಮ್ಮ ಮನವಿಯೊಂದರ ಎಲ್ಲ ಬೇಡಿಕೆಗಳೂ ವಾರದೊಳಗೆ ಈಡೇರಿದ್ದು ಅದೊಂದೇ ಸಲ.

ಶ್ಯಾಮಲಮ್ಮನ ಹುಳುಗಳಿಗೆ ಊರಿನ ಹೆಂಗಸರು ಸರದಿಯಲ್ಲಿ ಸೊಪ್ಪು ಹಾಕಿದರು. ಅದೇ ಸಂದು ದಾಟಿ ತಂದರು. ಗೂಡು ಚೆನ್ನಾಗಿ ಬಂತು.

ಮೂರು ವಾರ ಆವಲಪ್ಪ ತೋಟಕ್ಕೆ ಹೋಗಿ ಬರುತ್ತಿದ್ದ, ಅಷ್ಟೇ. ನಾಲ್ಕನೇ ವಾರ ಒಂದು ಬೆಳಿಗ್ಗೆ ಹೆಂಡತಿಗೂ ಹೇಳದೆ ಒಬ್ಬನೇ ನಡೆದು ಠಾಣೆಗೆ ಹೋದ. ಆ ಠಾಣೆಗೆ ಅವನು ಒಬ್ಬನೇ ಹೋದದ್ದು ಅದೇ ಮೊದಲು. ಸ್ಟೇಷನ್ ರೈಟರ್ ತಲೆ ಎತ್ತಿ, "ಏನಣ್ಣ, ಯಾರ ಗಾಡಿ ಬಿಡಿಸೋಕೆ ಬಂದ್ರಿ?" ಅಂದ.

"ಹಿಡ್ಕೊಳ್ಳಿ ಅಂತ ಹೇಳೋಕೆ ಬಂದೆ." ಆವಲಪ್ಪ ನಡೆದದ್ದನ್ನೆಲ್ಲ ಹೇಳಿದ.

ರೈಟರ್ ಪೂರ್ತಿ ಕೇಳಿಸಿಕೊಂಡ. ಎದ್ದು ಬಾಗಿಲು ಸ್ವಲ್ಪ ಮುಂದೆ ಮಾಡಿ ಬಂದ.

"ಅಪರಿಚಿತ ವಾಹನ ಅಂತ ನಿಮ್ಮೂರಿನ ಹದಿನೇಳು ಜನ ಸಹಿ ಹಾಕಿದ್ದಾರೆ. ಸತ್ತೋಳ ಗಂಡ ಹೇಳಿಕೆ ಕೊಟ್ಟಿದ್ದಾನೆ. ನೀವೇ ಹೆಣ ಇಟ್ಕೊಂಡು ಕೂಗಿದ್ದೀರ, ಪೇಪರ್‌ನಲ್ಲಿ ಫೋಟೋ ಬಂದಿದೆ. ಈಗ ನಾನು ಸಾಹೇಬರ ಮುಂದೆ ಇದನ್ನ ಇಟ್ರೆ, ನಾಳೆ ನಿಮ್ಮೂರಿನೋರೇ ಬಂದು ಇಲ್ಲಿ ಕೂರ್ತಾರೆ. ಹೋಗಣ್ಣ, ಹೊಸ ಸಾಹೇಬ್ರಿಗೆ ಜನರ ಜೊತೆ ಜಗಳ ಇಷ್ಟ ಇಲ್ಲ."

"ಬರ್ಕೊಳ್ಳಿ ಸ್ವಾಮಿ. ನಾನು ಹೋಗಲ್ಲ, ಇಲ್ಲೇ ಕೂರ್ತೀನಿ."

"ಒಬ್ಬರೇನಾ?" ಅಂದ ರೈಟರ್. ಕೆಣಕುವುದಕ್ಕೆ ಅಂದದ್ದಲ್ಲ. ಸುಮ್ಮನೆ ಕೇಳಿದ.

ಸಂಜೆವರೆಗೆ ಕಟ್ಟೆ ಮೇಲೆ ಒಬ್ಬನೇ ಕೂತಿದ್ದ. ಒಬ್ಬ ಪೊಲೀಸ್ ಟೀ ತಂದು ಕೊಟ್ಟ. ಕೊನೆಗೆ ಎದ್ದು ಬಂದ. ಸಂದನ್ನಾದರೂ ಮುಚ್ಚಿಬಿಡೋಣ ಅಂತ ಊರಿನಲ್ಲಿ ಕೇಳಿದಾಗ ಹೆಂಗಸರೇ ಒಪ್ಪಲಿಲ್ಲ. "ಮೂರು ಕಿಲೋಮೀಟರ್ ನೀನ್ ಹೊರ್ತೀಯಾ?" ಅಂದರು.

ಆಮೇಲೆಯೇ ಅವನು ಟವೆಲ್ ಹಿಡಿದು ನಿಲ್ಲತೊಡಗಿದ್ದು. ಊರಿಗೆ ವಾಪಸಾದ ಕದಿರೇಶ ಒಂದು ತಿಂಗಳು ಬೈಕಿನ ಕಡೆ ತಲೆ ಹಾಕಲಿಲ್ಲ. ಅನ್ನ ಸೇರುತ್ತಿರಲಿಲ್ಲ, ನಿದ್ದೆಯಲ್ಲಿ ಚೀರುತ್ತಿದ್ದ. ಆಮೇಲೆ ಕಾರ್ಖಾನೆಗೆ ಬಸ್ ಸಿಗುವುದಿಲ್ಲ ಅಂತ ಹೊರಗೆ ತೆಗೆದ. ಆಮೇಲೆ ಸೊಟ್ಟಗಾಗಿದ್ದ ಹ್ಯಾಂಡಲ್ ಸರಿ ಮಾಡಿಸಿದ. ಅಪ್ಪ ಕೀ ಬಚ್ಚಿಟ್ಟ, ಅವನು ಇನ್ನೊಂದು ಮಾಡಿಸಿಕೊಂಡ.

ಕಳೆದ ಭಾನುವಾರ ಸಂದಿನಲ್ಲಿ ನಾಲ್ಕು ಜನ ಹೆಂಗಸರು ಹೊರೆ ಹೊತ್ತು ಕಾಯುತ್ತಿದ್ದರು. ಬೆಂಗಳೂರಿನ ಐದು ಬೈಕು ಹೋದವು. ಕೊನೆಯವನು ಆವಲಪ್ಪನ ಟವೆಲ್ ನೋಡಿ, ಹುರಿದುಂಬಿಸುತ್ತಿದ್ದಾನೆ ಅಂದುಕೊಂಡು ಹೆಬ್ಬೆರಳು ಎತ್ತಿ ತೋರಿಸಿದ. ರಸ್ತೆ ಖಾಲಿ ಆಯಿತು. ಮುಂದಿದ್ದ ಹೆಂಗಸು ಹೆಜ್ಜೆ ತೆಗೆದಳು. ಆವಲಪ್ಪ ಕೈ ಅಡ್ಡ ಹಿಡಿದ. ಕೋಲಾರದ ಕಡೆಯಿಂದ, ಇನ್ನೂ ಏನೂ ಕಾಣದಷ್ಟು ದೂರದಿಂದ, ಒಂದು ಸದ್ದು ಬರುತ್ತಿತ್ತು. ಊರಿನ ಯಾವ ಬೈಕ್ ಹೇಗೆ ಕೂಗುತ್ತದೆ ಅಂತ ಅವನಿಗೆ ಗೊತ್ತು.

"ತಾಳ್ರಮ್ಮ," ಅಂದ. "ನಮ್ಮೋನು ಬರ್ತಾ ಅವ್ನೆ."